ತೋಳಿಗೆ ಅಂಟಿಸಿಕೊಂಡ ಸುಳ್ಳು

ನಮ್ಮ ಹೊಲಿಗೆ ಕೋಣೆಯಲ್ಲಿ ಒಂದು ಕಟ್ಟುನಿಟ್ಟಿನ ನಿಯಮ ಇದೆ. ಹೊಲಿಗೆ ತಪ್ಪಾದರೆ, ಹೊಲಿದವರೇ ಎದ್ದು ನಿಂತು "ಇದು ನನ್ನದು" ಎನ್ನಬೇಕು. ಆಮೇಲೆ ತಾವೇ ಕೂತು ಅದನ್ನು ಬಿಚ್ಚಬೇಕು. ಬೇರೆಯವರು ಅದಕ್ಕೆ ಕತ್ತರಿ ಹಾಕುವಂತಿಲ್ಲ. ಮುಚ್ಚಿಡಲೂ ಆಗುವುದಿಲ್ಲ, ಏಕೆಂದರೆ ನಾವು ಒಬ್ಬೊಬ್ಬರೂ ಅಂಗಿಯ ಒಳಮಡಿಕೆಯಲ್ಲಿ ನಮ್ಮ ನಮ್ಮ ಬಣ್ಣದ ದಾರದಿಂದ ಒಂದು ಗಂಟು ಹಾಕಿರುತ್ತೇವೆ. ನನ್ನದು ಹಸಿರು. ಹಾಗೆ ನಾನು ಎದ್ದು ನಿಂತದ್ದಕ್ಕೆ ಲೆಕ್ಕವಿಲ್ಲ. ಅಂಗಿಯ ವಿಷಯದಲ್ಲಿ ನನಗೆ ನಾಚಿಕೆಯೂ ಇಲ್ಲ. ಈಗ ಹೇಳಹೊರಟಿರುವುದು ಅಂಗಿಯ ವಿಷಯ ಅಲ್ಲ. ಇದನ್ನು ಹೇಳುವಾಗ ಇವತ್ತಿಗೂ ನನ್ನ ಕಿವಿ ಬಿಸಿಯಾಗುತ್ತದೆ.

ನಾವು ಏಳು ಜನ ಹೆಂಗಸರು, ಜೊತೆಗೆ ಬಟ್ಟೆ ಕತ್ತರಿಸುವ ಮಾಸ್ಟರ್. ಶಾಲೆ ಮಕ್ಕಳ ಯೂನಿಫಾರಂ ಹೊಲಿಯುತ್ತೇವೆ. ಕೋಣೆ ಎಷ್ಟು ಚಿಕ್ಕದೆಂದರೆ ನನ್ನ ಮೊಣಕೈ ಪಕ್ಕದವಳ ಮಷಿನ್‌ಗೆ ತಾಗುತ್ತದೆ. ಒಬ್ಬರು ಕೆಮ್ಮಿದರೆ ಎಲ್ಲರಿಗೂ ಪಾಲು. ಹೋದ ವರ್ಷ ಒಂದು ಹೊಸ ಕೆಮ್ಮು ಜ್ವರ ಬಂದಾಗ ಮೂರು ವಾರ ಕೋಣೆಗೆ ಬೀಗ ಬಿತ್ತು. ನಾನು ಮನೆಗೆ ತಂದ ಜ್ವರ ನಮ್ಮ ಅತ್ತೆಗೆ ಹತ್ತಿತು. ಅವರನ್ನು ಆಸ್ಪತ್ರೆಗೆ ಸೇರಿಸಿ ಒಂಬತ್ತು ದಿನ ಮೂಗಿಗೆ ಆಕ್ಸಿಜನ್ ಹಾಕಿದ್ದರು. ಈಗಲೂ ಅವರು ಎರಡು ಮೆಟ್ಟಿಲು ಹತ್ತಿದರೆ ಗೋಡೆ ಹಿಡಿದು ನಿಲ್ಲುತ್ತಾರೆ.

ಈ ವರ್ಷ ಆ ಜ್ವರಕ್ಕೆ ಲಸಿಕೆ ಬಂತು. ಆರೋಗ್ಯ ಕೇಂದ್ರದ ಸಿಸ್ಟರ್ ನಮ್ಮ ಕೋಣೆಗೇ ಬಂದು ಹೇಳಿದರು.

"ಸೋಮವಾರದಿಂದ ಶುರು. ಎಲ್ಲರೂ ಬನ್ನಿ. ಒಂದು ಮಾತು ಮಾತ್ರ ನೆನಪಿಟ್ಕೊಳ್ಳಿ. ಯಾವುದಾದ್ರೂ ಔಷಧಿಯಿಂದ, ಇಂಜೆಕ್ಷನ್ನಿಂದ, ತಿನ್ನೋ ಪದಾರ್ಥದಿಂದ ಮುಖ ಊದಿಕೊಂಡಿದ್ರೆ, ಉಸಿರು ಕಟ್ಟಿದ್ರೆ ನನಗೆ ಮೊದಲೇ ಹೇಳ್ಬೇಕು. ಹೇಳಿದ್ರೆ ಬೈಯಲ್ಲ, ಓಡಿಸಲ್ಲ. ಡಾಕ್ಟ್ರು ಕೂತು ಮಾತಾಡ್ತಾರೆ."

ನಾನು ತಲೆ ಎತ್ತಲಿಲ್ಲ. ಆಗಲೇ ದಾರ ಪೋಣಿಸಿದ್ದ ಸೂಜಿಗೆ ಮತ್ತೆ ದಾರ ಪೋಣಿಸುತ್ತಾ ಕೂತೆ.

ನನ್ನ ಗುಟ್ಟು ಇಷ್ಟೇ. ಹತ್ತೊಂಬತ್ತನೇ ವಯಸ್ಸಿನಲ್ಲಿ ಹಲ್ಲುನೋವಿಗೆ ಒಂದು ಮಾತ್ರೆ ನುಂಗಿದ್ದೆ. ಹತ್ತು ನಿಮಿಷಕ್ಕೆ ತುಟಿ ದಪ್ಪಗಾಯಿತು, ಮೈಯೆಲ್ಲ ದದ್ದು, ಗಂಟಲು ಮುಚ್ಚಿಕೊಂಡಿತು. ಕಣ್ಣು ಬಿಟ್ಟಾಗ ಆಸ್ಪತ್ರೆಯ ಹಾಸಿಗೆ ಮೇಲಿದ್ದೆ. ಇದು ತೀವ್ರ ಅಲರ್ಜಿ, ಈ ಮಾತ್ರೆ ಇನ್ನು ಮುಟ್ಟಬಾರದು ಎಂದು ಡಾಕ್ಟರ್ ಒಂದು ಚೀಟಿ ಬರೆದುಕೊಟ್ಟರು. ಅಮ್ಮ ಆ ಚೀಟಿ ಮಡಿಸಿ ನನ್ನ ಕೈಗಿಟ್ಟು, "ಯಾರಿಗೂ ಹೇಳ್ಬೇಡ ಮಗಳೇ, ರೋಗದ ಹುಡುಗಿ ಅಂತಾರೆ" ಎಂದಳು. ಮದುವೆಯಾದ ಮೇಲೂ ಹೇಳಲಿಲ್ಲ. ಚೀಟಿ ನನ್ನ ಸೂಜಿ ಡಬ್ಬಿಯ ತಳದಲ್ಲಿ ಉಳಿಯಿತು. ಜ್ವರ, ತಲೆನೋವು ಎಂದಾಗ ಗಂಡ ತಂದುಕೊಡುವ ಮಾತ್ರೆಗಳನ್ನು ಅವರು ಆ ಕಡೆ ತಿರುಗಿದಾಗ ಕಿಟಕಿಯಿಂದ ಆಚೆ ಎಸೆಯುತ್ತಿದ್ದೆ.

ಈ ವಿಷಯ ಗೊತ್ತಿದ್ದದ್ದು ಒಬ್ಬಳಿಗೇ. ಅವಳು ನಮ್ಮ ಕಾಜಾ ಅಕ್ಕ. ಅಂಗಿಯ ಗುಂಡಿ ತೂತಿಗೆ ಕಾಜಾ ಹೊಲಿದು ಗುಂಡಿ ಹಚ್ಚುವುದು ಅವಳ ಕೆಲಸ, ಹಾಗಾಗಿ ಆ ಹೆಸರು. ನನಗಿಂತ ಹತ್ತು ವರ್ಷ ದೊಡ್ಡವಳು. ಅವಳಿಗೂ ಎರಡು ಸಲ, ಬೇರೆ ಬೇರೆ ಔಷಧಿ ತೆಗೆದುಕೊಂಡಾಗ ಹೀಗೇ ಆಗಿತ್ತಂತೆ. ಏಕೆ ಆಯಿತೆಂದು ಯಾರೂ ಪತ್ತೆ ಮಾಡಿರಲಿಲ್ಲ. ಅವಳೂ ಊರಿಗೆಲ್ಲ ಹೇಳಿಕೊಂಡಿರಲಿಲ್ಲ. ಇಬ್ಬರೂ ಒಬ್ಬರ ಬಾಯಿಗೆ ಒಬ್ಬರು ಬೀಗ ಹಾಕಿಕೊಂಡಿದ್ದೆವು.

ಸೋಮವಾರ ಮಾಸ್ಟರ್ ಮೊದಲು ಹೋಗಿ ಬಂದರು. ಆಮೇಲೆ ಹೆಂಗಸರು ಒಬ್ಬೊಬ್ಬರಾಗಿ ಹೋಗಿ, ತೋಳಿಗೆ ಪಟ್ಟಿ ಅಂಟಿಸಿಕೊಂಡು ಬಂದು ಮಷಿನ್ ತುಳಿದರು. ಮಧ್ಯಾಹ್ನ ಮಾಸ್ಟರ್ ಕೇಳಿದರು.

"ಏನಮ್ಮಾ ಬಾಯಿಬಡುಕಿ, ನಿಂದು ಯಾವಾಗ?"

ನನ್ನನ್ನು ಅವರು ಕರೆಯುವುದೇ ಹಾಗೆ. ಬಾಯಿ ಇರುವವಳು ಹೆದರಿದಳು ಎಂದರೆ ಮರ್ಯಾದೆ ಏನಾಗಬೇಕು? "ಈಗಲೇ ಹೋಗ್ತೀನಿ" ಎಂದು ಎದ್ದೆ. ಆರೋಗ್ಯ ಕೇಂದ್ರದ ಗೇಟಿನ ತನಕ ಹೋದೆ ಕೂಡ. ಒಳಗೆ ಸಿಸ್ಟರ್ ಮೇಜಿನ ಮುಂದೆ ಸಾಲು. ಅವರು ಒಬ್ಬೊಬ್ಬರನ್ನೂ ಅಲರ್ಜಿಯ ಬಗ್ಗೆ ಕೇಳುತ್ತಿದ್ದರು. ಹಿಂದಿರುಗಿ ಬಂದವಳು ಹೊಲಿಗೆ ಕೋಣೆಯ ಹಿಂದಿನ ಬಚ್ಚಲಿಗೆ ಹೋದೆ. ಸೂಜಿ ಚುಚ್ಚಿದರೆ ಇರಲಿ ಎಂದು ನಾವೆಲ್ಲ ಜೇಬಿನಲ್ಲಿ ಗಾಯದ ಪಟ್ಟಿ ಇಟ್ಟುಕೊಂಡಿರುತ್ತೇವೆ. ಅದರಲ್ಲೊಂದನ್ನು ತೆಗೆದು ಏನೂ ಆಗದ ತೋಳಿಗೆ ಅಂಟಿಸಿಕೊಂಡೆ. ಕನ್ನಡಿಯಲ್ಲಿ ನನ್ನ ಮುಖ ನೋಡಿಕೊಳ್ಳಲಿಲ್ಲ.

ಒಳಗೆ ಬಂದು ತೋಳು ಎತ್ತಿ ತೋರಿಸಿದೆ. "ಇರುವೆ ಕಚ್ಚಿದ ಹಾಗೆ ಅಷ್ಟೇ! ಇದಕ್ಕೆ ಇಷ್ಟು ಹೆದರ್ತಾರಾ?" ಎಲ್ಲರೂ ನಕ್ಕರು.

ಕಾಜಾ ಅಕ್ಕ ನಗಲಿಲ್ಲ. ಕೆಲಸ ಮುಗಿದ ಮೇಲೆ ನೆಲದ ಮೇಲಿನ ದಾರದ ಚೂರು ಗುಡಿಸುತ್ತಿದ್ದಾಗ ಹತ್ತಿರ ಬಂದಳು.

"ನಿಜವಾಗ್ಲೂ ಹಾಕಿಸ್ಕೊಂಡ್ಯಾ?"

"ಹೂಂ ಅಕ್ಕ."

"ಏನೂ ಆಗ್ಲಿಲ್ವಾ? ನಾನು ಹೆದ್ರಿ ಹೆದ್ರಿ ಸಾಯ್ತಿದ್ದೆ. ಅಲ್ಲ, ಅಲರ್ಜಿ ವಿಷಯ ಸಿಸ್ಟರ್‌ಗೆ ಹೇಳಿದ್ಯಾ?"

ಇಲ್ಲಿ ನಾನು ಬಾಯಿ ಬಿಡಬಹುದಿತ್ತು. ಕೋಣೆಯಲ್ಲಿ ಇದ್ದದ್ದು ನಾವಿಬ್ಬರೇ. ಇಷ್ಟು ವರ್ಷ ನನ್ನ ಗುಟ್ಟು ಕಾದವಳ ಮುಂದೆ ಒಂದು ಸತ್ಯ ಹೇಳಲು ನನಗೇನು ಕಷ್ಟವಿತ್ತು? ಆದರೆ ಸುಳ್ಳಿನ ಹೊಲಿಗೆಯನ್ನು ಇನ್ನೂ ಒಂದು ಸುತ್ತು ಓಡಿಸಿದೆ.

"ಅಯ್ಯೋ, ಹೇಳಿದ್ರೆ ಕಾಗದ ಪತ್ರ ಅಂತ ವಾಪಸ್ ಕಳಿಸ್ತಾರೆ ಅಕ್ಕ. ಸುಮ್ನೆ ಇಲ್ಲ ಅಂದೆ. ಏನೂ ಆಗ್ಲಿಲ್ಲ."

"ಹಂಗಾದ್ರೆ ನಾಳೆ ನಾನೂ ಹೋಗ್ತೀನಿ. ನೀನು ಜೊತೆಗೆ ಬಾ."

ಮಾರನೆಯ ದಿನ ಬೆಳಿಗ್ಗೆ ನಾನು ಕಿಟಕಿಯ ಹೊರಗೆ ನಿಂತೆ, ಅವಳು ಒಳಗೆ ಹೋದಳು. ಸಿಸ್ಟರ್ ಕೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

"ಮುಂಚೆ ಯಾವತ್ತಾದ್ರೂ ಔಷಧಿ ಆಗ್ದೇ ತೊಂದ್ರೆ ಆಗಿದ್ಯಾ?"

ಅಕ್ಕ ನನ್ನ ಕಡೆ ಒಮ್ಮೆ ನೋಡಿದಳು. ಆಮೇಲೆ "ಇಲ್ಲ" ಎಂದಳು.

ಲಸಿಕೆ ಹಾಕಿದ ಸಿಸ್ಟರ್, "ಹದಿನೈದು ನಿಮಿಷ ಇಲ್ಲೇ ಕೂತ್ಕೊಳ್ಳಿ, ಎದ್ದು ಹೋಗ್ಬೇಡಿ" ಎಂದರು. ಬೆಂಚಿನ ಮೇಲೆ ಕೂತ ಅಕ್ಕ ಐದಾರು ನಿಮಿಷಕ್ಕೆ ಕುತ್ತಿಗೆ ಕೆರೆದುಕೊಳ್ಳತೊಡಗಿದಳು. ಕೆನ್ನೆ ಕೆಂಪಾಯಿತು. ಕಣ್ಣ ರೆಪ್ಪೆ ಊದಿತು. ಏನೋ ಹೇಳಲು ಹೋದಳು, ಮಾತು ಹೊರಡಲಿಲ್ಲ. ಉಸಿರು ಸಿಳ್ಳೆಯ ಹಾಗೆ ಬರುತ್ತಿತ್ತು. ಈ ಸದ್ದು ನನಗೆ ಗೊತ್ತು. ಹತ್ತೊಂಬತ್ತನೇ ವಯಸ್ಸಿನಲ್ಲಿ ಇದು ನನ್ನ ಗಂಟಲಿನಿಂದಲೇ ಬಂದಿತ್ತು.

ನಾನು ಒಳಗೆ ನುಗ್ಗಿ ಕೂಗುವಷ್ಟರಲ್ಲಿ ಸಿಸ್ಟರ್ ಎದ್ದಾಗಿತ್ತು. ಅವರು ಯಾರನ್ನೂ ಏನೂ ಕೇಳಲಿಲ್ಲ. ಮೇಜಿನ ಮೇಲೆ ಸಿದ್ಧವಾಗಿಟ್ಟಿದ್ದ ಇಂಜೆಕ್ಷನ್ ತೆಗೆದು ಅಕ್ಕನ ತೊಡೆಗೆ ಚುಚ್ಚಿದರು. ಉಸಿರಾಡಲು ಆಗುವಂತೆ ಅವಳನ್ನು ಒರಗಿಸಿ, ಕಾಲು ಚಾಚಿಸಿ, ಡಾಕ್ಟರನ್ನು ಕರೆದರು. ಡಾಕ್ಟರಮ್ಮ ಓಡಿ ಬಂದವರೇ ಆಕ್ಸಿಜನ್ ಹಚ್ಚಿ ನನ್ನನ್ನು ಕೇಳಿದರು.

"ಇವರಿಗೆ ಹಿಂದೆ ಹೀಗಾಗಿತ್ತಾ? ಬೇಗ ಹೇಳಿ."

"ಆಗಿತ್ತು ಮೇಡಂ. ಎರಡು ಸಲ. ಹೇಳಿದ್ರೆ ವಾಪಸ್ ಕಳಿಸ್ತಾರೆ ಅಂದಿದ್ದು ನಾನೇ."

ಕೆಲವು ನಿಮಿಷದಲ್ಲಿ ಆ ಸಿಳ್ಳೆ ಸದ್ದು ಕಡಿಮೆಯಾಯಿತು. ಅಕ್ಕ ಕಣ್ಣು ಬಿಟ್ಟಳು. ಒಂದು ದಿನ ನಿಗಾದಲ್ಲಿರಲಿ ಎಂದು ಅವಳನ್ನು ದೊಡ್ಡ ಆಸ್ಪತ್ರೆಗೆ ಕಳಿಸಿದರು. ಆಂಬುಲೆನ್ಸ್ ಹೊರಟ ಮೇಲೆ ಸಿಸ್ಟರ್ ನನ್ನ ತೋಳಿನ ಪಟ್ಟಿ ನೋಡಿದರು.

"ನೀವು ಯಾವತ್ತು ಹಾಕಿಸ್ಕೊಂಡ್ರಿ? ನನಗೆ ನೆನಪಿಲ್ವಲ್ಲ."

ನಾನು ಪಟ್ಟಿ ಕಿತ್ತು ಅವರ ಮೇಜಿನ ಮೇಲಿಟ್ಟು, ಹಲ್ಲುನೋವಿನ ಮಾತ್ರೆ, ಮುಚ್ಚಿಟ್ಟ ಚೀಟಿ ಎಲ್ಲ ಹೇಳಿದೆ. ನೆಲ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಎನ್ನಿಸಿತು. ಸಿಸ್ಟರ್ ಬೈದಿದ್ದರೆ ಅಳಬಹುದಿತ್ತು. ಅವರು ಬೈಯಲಿಲ್ಲ.

"ಅವ್ರು ಬೆಂಚಿನ ಮೇಲೆ ಕೂತಿದ್ದಕ್ಕೆ ಬದುಕಿದ್ರು. ದಾರಿಯಲ್ಲಿ ಆಗಿದ್ರೆ?" ಎಂದರು. "ನಾಳೆ ಆ ಹಳೇ ಚೀಟಿ ತಗೊಂಡು, ಮನೆಯವರ ಜೊತೆ ಬನ್ನಿ."

ಮನೆಯವರ ಜೊತೆ! ಅದೇ ಎಲ್ಲಕ್ಕಿಂತ ಕಷ್ಟವಾದದ್ದು. ಸಂಜೆ ಗಂಡ ಬಂದು ಚಪ್ಪಲಿ ಬಿಡುವ ಮೊದಲೇ ಚೀಟಿ ಅವರ ಕೈಗಿಟ್ಟೆ. ಅವರು ಎರಡು ಸಲ ಓದಿದರು.

"ಹಂಗಾದ್ರೆ ಇಷ್ಟು ವರ್ಷ ನಾನು ತಂದ ಮಾತ್ರೆಗಳೆಲ್ಲ?"

"ಕಿಟಕಿ ಆಚೆ."

"ಅದಕ್ಕೇ ಕಿಟಕಿ ಕೆಳಗಿನ ಗಿಡಕ್ಕೆ ಒಂದಿನಾನೂ ಜ್ವರ ಬಂದಿಲ್ಲ." ನಗುತ್ತಾರೆ ಎಂದುಕೊಂಡೆ. ನಗಲಿಲ್ಲ. ಚೀಟಿ ಮಡಿಸಿ ಜೇಬಿಗಿಟ್ಟರು. "ಹೋದ್ಸಲ ನೀನು ಜ್ವರದಲ್ಲಿ ಮೈಮೇಲೆ ಎಚ್ಚರ ಇಲ್ದೆ ಮಲಗಿದ್ದಾಗ ನಾನೇ ಬಾಯಿಗೆ ಮಾತ್ರೆ ಹಾಕೋಕೆ ಬಂದಿದ್ದೆ ಕಣೇ. ಅಮ್ಮ ಕರೆದ್ರು ಅಂತ ಎದ್ದು ಹೋದೆ. ಹಾಕಿದ್ದಿದ್ರೆ? ಕೊಂದವನು ನಾನಾಗ್ತಿದ್ದೆ, ಅಲ್ವಾ?"

"ರೋಗದ ಹುಡುಗಿ ಅಂತಾರೆ, ಹೇಳ್ಬೇಡ ಅಂತ ಅಮ್ಮ ಅಂದಿದ್ಲು" ಎಂದೆ, ಕಾಜಾ ಅಕ್ಕನಿಗೆ ಆದದ್ದನ್ನೂ ಹೇಳಿದೆ. ಒಳಗಿನಿಂದ ಅತ್ತೆ ಅಂದರು, "ರೋಗದ ಹುಡುಗಿ ಅಂತ ಯಾರು ಅಂತಿದ್ರು? ನಾನೇ? ನನಗೇ ಎರಡು ಮೆಟ್ಟಿಲು ಹತ್ತೋಕಾಗಲ್ಲ." ಆ ಮಾತಿಗೆ ನನಗೆ ಅಳು ತಡೆಯಲಾಗಲಿಲ್ಲ.

ಮರುದಿನ ಡಾಕ್ಟರಮ್ಮ ಚೀಟಿ ಓದಿದರು. ಆ ಮಾತ್ರೆಯ ಹೆಸರು ಬರೆದುಕೊಂಡರು. ಲಸಿಕೆಯಲ್ಲಿ ಏನೇನು ಬೆರೆಸಿದ್ದಾರೆ ಎಂದು ಬರೆದ ಕಾಗದ ತೆಗೆದು ಒಂದೊಂದೇ ನೋಡಿದರು. ಬೇರೆ ಔಷಧಿ, ಊಟ, ಜೇನುಹುಳದ ಕಡಿತ, ಹಳೆಯ ಲಸಿಕೆಗಳು, ಎಲ್ಲ ಕೇಳಿದರು.

"ನಿಮಗೆ ಆಗದೇ ಇರೋದು ಆ ಒಂದು ಜಾತಿ ನೋವಿನ ಮಾತ್ರೆ. ಅದಕ್ಕೂ ಈ ಲಸಿಕೆಗೂ ಸಂಬಂಧ ಇಲ್ಲ. ನೀವು ಹಾಕಿಸ್ಕೋಬಹುದು. ಹದಿನೈದು ನಿಮಿಷದ ಬದಲು ಅರ್ಧ ಗಂಟೆ ನನ್ನ ಕಣ್ಣೆದುರು ಕೂತಿರ್ಬೇಕು."

ಗಂಡ ಕೇಳಿದರು, "ಮತ್ತೆ ಕಾಜಾ ಅಕ್ಕನಿಗೆ ಯಾಕೆ ಹಾಗಾಯ್ತು ಮೇಡಂ?"

"ಅವರಿಗೆ ಬೇರೆ ಬೇರೆ ಔಷಧಿಗೆ ಒಂದೇ ಥರ ಆಗಿದೆ. ಅವುಗಳಲ್ಲಿ ಬೆರೆಸಿದ ಯಾವುದೋ ಒಂದು ವಸ್ತು ಈ ಲಸಿಕೆಯಲ್ಲೂ ಇರಬಹುದು. ಅಲರ್ಜಿ ತಜ್ಞರು ಪರೀಕ್ಷೆ ಮಾಡಿ ಹೇಳೋ ತನಕ ಅವರು ಇದನ್ನ ಮತ್ತೆ ಹಾಕಿಸ್ಕೋಬಾರ್ದು. ಮೊದಲೇ ಹೇಳಿದ್ದಿದ್ರೆ ನಿನ್ನೆ ಹಾಕೋಕೆ ನಾನು ಬಿಡ್ತಾನೇ ಇರ್ಲಿಲ್ಲ. ಹೀಗಾಗೋದು ತುಂಬಾ ಅಪರೂಪ. ಆದ್ರೆ ಯಾರಿಗೆ ಅಂತ ಮುಖ ನೋಡಿದ್ರೆ ತಿಳಿಯಲ್ಲ, ಬಾಯಿ ಬಿಟ್ಟು ಹೇಳ್ಬೇಕು."

"ಹಾಗಾದ್ರೆ ಅಕ್ಕನಿಗೆ ಆ ಜ್ವರ ಬಂದ್ರೆ?" ಎಂದೆ.

"ಬರದ ಹಾಗೆ ನೋಡ್ಕೊಳ್ಳೋದರಲ್ಲಿ ನಿಮ್ಮ ಪಾಲೂ ಇದೆ. ಅವರ ಪಕ್ಕ ಕೂತು ಕೆಮ್ಮೋರು ನೀವೇ ಅಲ್ವಾ?"

ತೋಳು ಚಾಚಿದೆ. ಸೂಜಿ ಚುಚ್ಚಿದ್ದು ಇರುವೆ ಕಚ್ಚಿದ ಹಾಗೇ ಇತ್ತು. ಆ ನನ್ನ ಮಾತೇ ನೆನಪಾಗಿ ಮುಖ ಮುಚ್ಚಿಕೊಳ್ಳುವಂತಾಯಿತು. ಅರ್ಧ ಗಂಟೆ ಆ ಬೆಂಚಿನ ಮೇಲೆ ಕೂತೆ. ಗಂಡ ಪಕ್ಕದಲ್ಲಿ ಕೂತು ನಿಮಿಷಕ್ಕೊಮ್ಮೆ ನನ್ನ ಮುಖ ನೋಡುತ್ತಿದ್ದರು. ಏನೂ ಆಗಲಿಲ್ಲ. ರಾತ್ರಿ ತೋಳು ಸ್ವಲ್ಪ ನೋವಾಯಿತು, ಅಷ್ಟೇ. ಅದೇ ವಾರ ಗಂಡ, ಅತ್ತೆ ಇಬ್ಬರೂ ಹೋಗಿ ಹಾಕಿಸಿಕೊಂಡರು.

ಕಾಜಾ ಅಕ್ಕ ಮುಂದಿನ ಸೋಮವಾರ ಕೆಲಸಕ್ಕೆ ಬಂದಳು. ನಾನು ಅವಳಿಗಿಂತ ಮೊದಲು ಬಂದು ಬಾಗಿಲಲ್ಲೇ ನಿಂತಿದ್ದೆ.

"ಅಕ್ಕ, ನನ್ನಿಂದ..."

"ತಡಿ," ಎಂದಳು. "ಸಿಸ್ಟರ್ ಕೇಳಿದಾಗ ಇಲ್ಲ ಅಂದಿದ್ದು ನನ್ನ ಬಾಯಿ. ಆ ಹೊಲಿಗೆ ನಂದು, ನಾನು ಬಿಚ್ಕೋತೀನಿ. ನಿಂದು ನೀನು ಬಿಚ್ಚು. ನನ್ನ ಹತ್ರ ಕಿವಿಯಲ್ಲಿ ಬೇಡ, ಎಲ್ಲರ ಮುಂದೆ."

ಅವಳು ಹೋಗಿ ತನ್ನ ಜಾಗದಲ್ಲಿ ಕೂತಳು. ನನ್ನನ್ನು ಕ್ಷಮಿಸಿದೆ ಎಂದು ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ.

ಮಷಿನ್‌ಗಳು ಶುರುವಾಗಿದ್ದವು. ನಾನು ಎದ್ದು ನಿಂತೆ. ಒಂದೊಂದಾಗಿ ಮಷಿನ್ ನಿಂತವು. ಮಾಸ್ಟರ್ ಕತ್ತರಿ ಕೆಳಗಿಟ್ಟು, "ಯಾವ ಅಂಗಿನಮ್ಮಾ?" ಎಂದರು.

"ಅಂಗಿ ಅಲ್ಲ ಮಾಸ್ಟರ್. ನಾನು ಅವತ್ತು ಲಸಿಕೆ ಹಾಕಿಸ್ಕೊಂಡಿರ್ಲಿಲ್ಲ. ಬರೀ ಪಟ್ಟಿ ಅಂಟಿಸ್ಕೊಂಡಿದ್ದೆ. ನನಗೆ ಅಲರ್ಜಿ ಇದೆ, ಅದನ್ನ ಹೇಳೋಕೆ ನಾಚ್ಕೊಂಡೆ. ನನ್ನ ಸುಳ್ಳು ನಂಬಿ ಅಕ್ಕ ಸಾಯೋ ಹಾಗಾಯ್ತು. ಇದು ನನ್ನದು."

ಬಾಯಿಬಡುಕಿಗೆ ಅದಕ್ಕಿಂತ ಹೆಚ್ಚು ಮಾತು ಬರಲಿಲ್ಲ. ಯಾರೂ ನಗಲಿಲ್ಲ. ಕಾಲರ್ ಹೊಲಿಯುವ ಹುಡುಗಿ ಮೆಲ್ಲಗೆ ಕೈ ಎತ್ತಿದಳು. "ನನಗೆ ಮೊಟ್ಟೆ ತಿಂದ್ರೆ ಗಂಟಲು ಕಟ್ಟುತ್ತೆ. ನಾನೂ ಸಿಸ್ಟರ್‌ಗೆ ಹೇಳಿರ್ಲಿಲ್ಲ. ಎರಡನೇ ಡೋಸ್ ಮುಂದಿನ ತಿಂಗಳಿದೆ." ಕಾಜಾ ಅಕ್ಕ ಗುಂಡಿ ಡಬ್ಬಿ ಮುಚ್ಚಿ ಎದ್ದಳು. "ಇವತ್ತೇ ಹೋಗಿ ಹೇಳೋಣ ನಡಿ, ನಾನು ಬರ್ತೀನಿ" ಎಂದು ಅವಳ ಕೈ ಹಿಡಿದಳು.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ತಾಯಿ, ನಿಮಗೂ ಮೈ ಊದಿ ಉಸಿರು ಕಟ್ಟಿದ್ದು ಎಂದಾದರೂ ಇದ್ದರೆ, ಲಸಿಕೆಯೇ ಬೇಡ ಎಂದು ಮನೆಯಲ್ಲಿ ಕೂರಬೇಡಿ. ಬಾಯಿ ಮುಚ್ಚಿಕೊಂಡು ಹೋಗಿ ಹಾಕಿಸಿಕೊಳ್ಳಲೂ ಬೇಡಿ. ಯಾವುದರಿಂದ ಆಯಿತು, ಎಷ್ಟು ಹೊತ್ತಿಗೆ ಆಯಿತು, ಏನೇನು ಆಯಿತು ಎಂದು ಸಿಸ್ಟರ್‌ಗೆ, ಡಾಕ್ಟರಿಗೆ ಹೇಳಿ. ಹಳೆಯ ಚೀಟಿ ಇದ್ದರೆ ಕೊಂಡುಹೋಗಿ, ಇಲ್ಲದಿದ್ದರೆ ನೆನಪಿದ್ದಷ್ಟು ಹೇಳಿ. ಹೆಚ್ಚಿನವರಿಗೆ ಹಾಕಿಸಿಕೊಳ್ಳಿ ಎನ್ನುತ್ತಾರೆ, ಕೆಲವರಿಗೆ ಕಾಯಿರಿ ಎನ್ನುತ್ತಾರೆ. ಅದನ್ನು ನಿರ್ಧರಿಸಬೇಕಾದದ್ದು ಅವರ ಜೊತೆ ಕೂತು. ಪಕ್ಕದ ಮನೆಯವರ ತೋಳು ನೋಡಿ ನಿರ್ಧರಿಸಬೇಡಿ. ಹಾಕಿಸಿಕೊಂಡ ಮೇಲೆ ಅವರು ಹೇಳಿದಷ್ಟು ಹೊತ್ತು ಆ ಬೆಂಚಿನ ಮೇಲಿಂದ ಏಳಬೇಡಿ. ನಿಮ್ಮ ಅಲರ್ಜಿ ಏನೆಂದು ಮನೆಯವರಿಗೂ ಗೊತ್ತಿರಲಿ.

ಹೇಳುವಾಗ ನಾಚಿಕೆಯಾದರೆ ಆಗಲಿ. ಅದು ಒಂದು ನಿಮಿಷದ ನಾಚಿಕೆ. ಹೇಳದೆ ಇದ್ದದ್ದರ ನಾಚಿಕೆಯನ್ನು ನಾನು ದಿನಾ ಬೆಳಿಗ್ಗೆ ಕಾಜಾ ಅಕ್ಕನ ಎದುರು ಕೂತು ಹೊಲಿಯುತ್ತಿದ್ದೇನೆ.