ಒಂದು ಜೊತೆ ಬ್ರೇಕ್ ಪ್ಯಾಡ್, ಎರಡು ಗಾಡಿ

"ಹೆಣ ಕೊಯ್ಯೋ ಡಾಕ್ಟರ್ ಥರ ಕೂತಿದೀಯಲ್ಲೇ, ಏಳು ಮೇಲೆ! ನಿನ್ನನ್ನ ಇಟ್ಟಿರೋದು ಬೋಲ್ಟ್ ತಿರುಗ್ಸೋಕೆ. ತನಿಖೆ ಮಾಡೋಕಲ್ಲ."

ಮ್ಯಾನೇಜರ್ ಬೂಟಿನ ತುದಿಯಿಂದ ನನ್ನ ಸ್ಪ್ಯಾನರುಗಳನ್ನು ತಳ್ಳಿದ. ಅವು ಗಲಗಲ ಎಂದು ನೆಲದ ತುಂಬ ಚದುರಿದವು. ನಾನು ಏಳಲಿಲ್ಲ. ನನ್ನ ಮುಂದೆ, ನಾವೆಲ್ಲ ಮೀಸೆ ಎಂದು ಕರೆಯುವ ಸವಾರನ ಗಾಡಿ ಬಿದ್ದಿತ್ತು. ಹ್ಯಾಂಡಲ್ ತಿರುಚಿಕೊಂಡು, ಹೆಡ್‌ಲೈಟು ಒಡೆದು, ಮುಂದಿನ ಚಕ್ರ ಹಪ್ಪಳದ ಹಾಗೆ ಸೊಟ್ಟಗಾಗಿತ್ತು. ಡಿಸ್ಕನ್ನು ಎರಡೂ ಕಡೆಯಿಂದ ದವಡೆಯ ಹಾಗೆ ಕಚ್ಚಿ ಹಿಡಿಯುವ ಕ್ಯಾಲಿಪರನ್ನು ಆಗಷ್ಟೇ ಬಿಚ್ಚಿದ್ದೆ. ಒಳಗಿನ ಎರಡು ಪ್ಯಾಡುಗಳಲ್ಲಿ ಒಂದರ ಉಜ್ಜುವ ಪದರ ಪೂರ್ತಿ ಕಿತ್ತುಹೋಗಿ ಬರೀ ಕಬ್ಬಿಣದ ತಗಡು ಉಳಿದಿತ್ತು. ಇನ್ನೊಂದು ಗಟ್ಟಿಯಾಗಿಯೇ ಇತ್ತು. ಆ ಗಟ್ಟಿಯದನ್ನು ಮ್ಯಾನೇಜರ್ ನೋಡುವ ಮೊದಲೇ ಅಂಗಿಯ ಜೇಬಿಗೆ ಹಾಕಿಕೊಂಡೆ.

"ಇದಕ್ಕೆ ಸೈನ್ ಹಾಕು." ಕಾಗದವೊಂದನ್ನು ನನ್ನ ಮೂಗಿನ ಹತ್ತಿರ ಹಿಡಿದ. "ಕಡಿಮೆ ಬೆಲೆಯ ಪ್ಯಾಡನ್ನ ಅವನೇ ಕೇಳಿ ಹಾಕಿಸ್ಕೊಂಡ, ಫಿಟ್ಟರ್ ಆಗಿ ನಾನೇ ಸಾಕ್ಷಿ ಅಂತ. ನಾಳೆ ವಿಮೆಯವರಿಗೆ ಹೋಗ್ಬೇಕು."

"ಕೈಯೆಲ್ಲ ಗ್ರೀಸು ಸಾರ್. ನಾಳೆ ಹಾಕ್ತೀನಿ."

"ಗ್ರೀಸಲ್ಲೇ ಹುಟ್ಟಿದವಳು ಗ್ರೀಸಿನ ನೆಪ ಹೇಳ್ತಾಳೆ ನೋಡು," ಎಂದು ಹೋದ.

ನಮ್ಮದು ಅಡುಗೆ ಗ್ಯಾಸಿನ ಸಿಲಿಂಡರ್ ಮನೆಮನೆಗೆ ಮುಟ್ಟಿಸುವ ಗೋದಾಮು. ಗೋದಾಮು ದಿಬ್ಬದ ಮೇಲಿದೆ, ಮನೆಗಳೆಲ್ಲ ಕೆಳಗಿವೆ. ಒಂದೊಂದು ಮೋಟಾರ್ ಸೈಕಲ್ಲಿನ ಹಿಂದೆ ಎರಡೆರಡು ತುಂಬಿದ ಸಿಲಿಂಡರ್ ಕಟ್ಟಿಕೊಂಡು ಇಳಿಯಬೇಕು, ಖಾಲಿಯವನ್ನು ಹೇರಿಕೊಂಡು ಹತ್ತಬೇಕು. ಭಾರವಿದ್ದಾಗ ಇಳಿಜಾರು, ಹಗುರವಿದ್ದಾಗ ಏರು. ಹೀಗೆ ಮಾಡಿದರೆ ಪೆಟ್ರೋಲ್ ಉಳಿಯುತ್ತದೆ ಎಂದು ಓನರ್ ಜಾಗ ಹುಡುಕಿ ಹುಡುಕಿ ಕಟ್ಟಿಸಿದ್ದು. ಪೆಟ್ರೋಲ್ ಉಳಿಯಿತು. ಉಳಿಯದೆ ಹೋದದ್ದು ಬ್ರೇಕು. ಹಿಂದಿನ ಚಕ್ರದ ಬ್ರೇಕು ಅಷ್ಟು ಭಾರಕ್ಕೆ ಹೆಸರಿಗೆ ಮಾತ್ರ. ನಿಲ್ಲಿಸಬೇಕಾದದ್ದು ಮುಂದಿನದು.

ಮೂರು ತಿಂಗಳಿಗೊಮ್ಮೆ ಪ್ಯಾಡ್ ಬದಲಾಯಿಸುತ್ತೇವೆ. ಅವತ್ತು ಮ್ಯಾನೇಜರ್ ಮೇಜಿನ ಮೇಲೆ ಎರಡು ಡಬ್ಬಿ ಜೋಡಿಸಿಡುತ್ತಾನೆ, ಒಂದು ಹಳದಿ, ಒಂದು ಕೆಂಪು. ಹಳದಿ ಡಬ್ಬಿಯದು ಕಂಪನಿ ಪುಕ್ಕಟೆ ಕೊಡುವ ಪ್ಯಾಡ್. ಕೆಂಪು ಡಬ್ಬಿಯ ಗಟ್ಟಿ ಪ್ಯಾಡ್ ಬೇಕೆಂದರೆ ಮೂರು ದಿನದ ಕೂಲಿ ಹಿಡಿಯುತ್ತಾರೆ. ಪಕ್ಕದಲ್ಲಿ ಒಂದು ಫಾರಂ. "ನನ್ನ ಸ್ವಂತ ಇಚ್ಛೆಯಿಂದ ಆರಿಸಿಕೊಂಡಿದ್ದೇನೆ" ಎಂದು ಅಚ್ಚು ಹಾಕಿಸಿದ್ದಾರೆ. ಹುಟ್ಟಿದಾಗಿನಿಂದ ನಿಮಗೇನು ಬೇಕು ಎಂದು ನಮ್ಮನ್ನು ಇಷ್ಟು ಮರ್ಯಾದೆಯಿಂದ ಯಾರೂ ಕೇಳಿರಲಿಲ್ಲ. ಕಟ್ಟಿಕೊಂಡ ಗಂಡನೂ ಕೇಳಿರಲಿಲ್ಲ.

"ನಾನು ಯಾರಿಗೂ ಬಲವಂತ ಮಾಡಲ್ಲಪ್ಪ," ಎನ್ನುತ್ತಾನೆ ಮ್ಯಾನೇಜರ್, ಕುರ್ಚಿಗೆ ಒರಗಿ. "ನಿಮ್ಮ ಪ್ರಾಣ, ನಿಮ್ಮಿಷ್ಟ."

ಸವಾರರು ಸಾಲಾಗಿ ಬಂದು ಹಳದಿಗೆ ಗೀಟು ಹಾಕುತ್ತಾರೆ. ಮೂರು ದಿನದ ಕೂಲಿ ಎಂದರೆ ಮೂರು ದಿನದ ಹಾಲು, ಬಸ್ಸು, ಮಾತ್ರೆ. ಹಳದಿ ಪ್ಯಾಡಿಗೆ ಅವರು ಇಟ್ಟ ಹೆಸರು ಬಿಸ್ಕತ್ತು. ಉಗುರಿನಲ್ಲಿ ಕೆರೆದರೆ ಪುಡಿ ಉದುರುತ್ತದೆ. ದಿಬ್ಬದ ಮೂರನೇ ತಿರುವಿಗೆ ಬರುವಷ್ಟರಲ್ಲಿ ಕಾದು ಸುಟ್ಟ ವಾಸನೆ ಬರುತ್ತದೆ.

"ಅಕ್ಕಾ, ನನಗೆರಡು ಬಿಸ್ಕತ್ತು, ಟೀ ಆಮೇಲೆ ಕೊಡು," ಎಂದು ನನ್ನ ಮುಂದೆ ಗಾಡಿ ನಿಲ್ಲಿಸುತ್ತಾರೆ. ನಗುತ್ತಾರೆ. ನಾನು ಹಾಕುತ್ತೇನೆ.

ಇದೇ ಕೈಯಿಂದ ಓನರನ ಗಾಡಿಗೂ ಹಾಕುತ್ತೇನೆ. ಅವನಿಗೆ ಭಾನುವಾರದ ಸವಾರಿಗೆಂದೇ ಒಂದು ಎಮ್ಮೆಯಂಥ ಗಾಡಿ ಇದೆ. ಅವನ ಹೊಟ್ಟೆಯೊಂದನ್ನು ಬಿಟ್ಟು ಬೇರೆ ಲೋಡು ಕಂಡಿದ್ದಲ್ಲ. ಒಮ್ಮೆ ಕೆಂಪು ಡಬ್ಬಿ ತೆರೆದಾಗ ಗಾಬರಿಯಾಗಿ ನನ್ನ ಕೈ ಹಿಡಿದ.

"ಅದು ಬೇಡಮ್ಮ, ಅದಕ್ಕಿಂತ ಒಳ್ಳೇದು ಹೊರಗಿಂದ ತರಿಸಿದೀನಿ. ಪ್ರಾಣದ ವಿಷಯದಲ್ಲಿ ಮನುಷ್ಯ ಜಿಪುಣತನ ಮಾಡ್ಬಾರ್ದು."

"ಹೌದು ಸಾರ್," ಅಂದೆ. ಎಂಥ ಒಳ್ಳೆಯ ಮಾತು. ಅವನಿಗೂ ಅದು ಇಷ್ಟವಾಗಿರಬೇಕು, ಇನ್ನೊಂದು ಸಲ ಹೇಳಿದ.

ಈ ಸಲ ಬದಲಾಯಿಸುವ ದಿನ ಕಳೆದು ಒಂದು ವಾರಕ್ಕೆ ಮೀಸೆ ನನ್ನ ಹತ್ತಿರ ಬಂದ. ಇಪ್ಪತ್ತು ವರ್ಷದಿಂದ ಇಲ್ಲಿ ಗಾಡಿ ಓಡಿಸುತ್ತಿದ್ದವನು ಅವನು. ಮೀಸೆಗೆ ಎಣ್ಣೆ ಹಚ್ಚಿ ತಿರುವಿಕೊಳ್ಳುವುದೊಂದೇ ಅವನ ಶೋಕಿ. ಜೊತೆಗೆ ನನ್ನ ಮಗಳಿದ್ದಳು. ಪದವಿ ಓದಿ, ಎರಡು ವರ್ಷ ಅರ್ಜಿ ಹಾಕಿ ಸುಸ್ತಾಗಿ, ಆರು ತಿಂಗಳಿಂದ ಇಲ್ಲೇ ಗಾಡಿ ಓಡಿಸುತ್ತಿದ್ದಾಳೆ. ಅವಳ ಗಾಡಿಗೂ ನಾನೇ ಎರಡು ಬಿಸ್ಕತ್ತು ಹಾಕಿದ್ದೆ. ಅವತ್ತಿನಿಂದ ಅವಳು ಮೂರನೇ ತಿರುವು ದಾಟಿರಬಹುದಾದ ಹೊತ್ತು ಲೆಕ್ಕ ಹಾಕುತ್ತಾ ಕೂರುವುದು ನನ್ನ ಇನ್ನೊಂದು ಕೆಲಸವಾಗಿತ್ತು.

ಮೀಸೆ ಕಾಗದದ ಪೊಟ್ಟಣ ಬಿಚ್ಚಿದ. ಹೊರಗಿನ ಅಂಗಡಿಯಿಂದ ತಂದ ಒಂದು ಜೊತೆ ಕೆಂಪು ಡಬ್ಬಿಯ ಪ್ಯಾಡು.

"ನಾನೂ ನಿನ್ನ ಮಗಳೂ ಸೇರಿ ತಗೊಂಡ್ವಿ ಅಕ್ಕ. ನನ್ನ ಗಾಡಿಗೊಂದು, ಅವಳದಕ್ಕೊಂದು ಹಾಕ್ಬಿಡು."

"ಥೂ ನಿನ್ನ ಮುಖಕ್ಕಿಷ್ಟು! ಜೊತೆ ಒಡೀತಾರೇನೋ? ಎಡಗಾಲಿನ ಚಪ್ಪಲಿ ನೀನು, ಬಲಗಾಲಿಂದು ಅವಳು ಹಾಕ್ಕೊಂಡಂಗಾಯ್ತು."

"ಎರಡೂ ಬರಿಗಾಲಲ್ಲಿ ಓಡಾಡೋದಕ್ಕಿಂತ ವಾಸಿ ಅಲ್ವಾ?"

"ಅಮ್ಮಾ, ಮುಂದಿನ ತಿಂಗಳು ಇನ್ನೊಂದು ಜೊತೆ ತಗೋತೀವಿ," ಅಂದಳು ಮಗಳು. "ಆಗ ಇಬ್ಬರದ್ದೂ ಪೂರ್ತಿ ಆಗುತ್ತೆ. ಮೀಸೆ ಮಾವನೇ ಹೇಳಿದ್ದು."

ಎರಡು ಕಡೆಯ ಹಿಡಿತ ಒಂದೇ ಸಮ ಇರಬೇಕು. ಒಂದು ಗಟ್ಟಿ, ಇನ್ನೊಂದು ಪೊಳ್ಳಾದರೆ ಪೊಳ್ಳು ಬೇಗ ಕಿತ್ತುಹೋಗುತ್ತದೆ. ಇದು ನನಗೆ ಗೊತ್ತಿತ್ತು. ಆದರೂ ಹಾಕಿದೆ. ಮಗಳ ಗಾಡಿಯಲ್ಲಿ ಒಂದಾದರೂ ಒಳ್ಳೆಯ ಪ್ಯಾಡಿದೆ ಎಂದುಕೊಂಡು ಹನ್ನೊಂದು ದಿನ ನೆಮ್ಮದಿಯಾಗಿ ಊಟ ಮಾಡಿದೆ.

ಹನ್ನೆರಡನೇ ದಿನ ಮೀಸೆ ಮೂರನೇ ತಿರುವಿನ ಗೋಡೆಗೆ ಹೊಡೆದ. ಮ್ಯಾನೇಜರ್ ಓಡಿಹೋಗಿ ಮೊದಲು ಸಿಲಿಂಡರ್ ಎಣಿಸಿದ. ಎರಡೂ ಸರಿಯಾಗಿದ್ದವು. ಆಮೇಲೆ ಕಾಲು ನೋಡಿದ. ಅದರಲ್ಲಿ ಒಂದೇ ಸರಿಯಾಗಿತ್ತು.

ಮ್ಯಾನೇಜರ್ ಕಾಗದ ತೋರಿಸಿದ ದಿನ ಸಂಜೆ ಆಸ್ಪತ್ರೆಗೆ ಹೋದೆ. ಮೀಸೆಯ ಹೆಂಡತಿ ವಾರ್ಡಿನ ಬಾಗಿಲ ಬೆಂಚಿನ ಮೇಲೆ ಕೂತಿದ್ದಳು. ಮಡಿಲಲ್ಲಿ ಅವನ ಒಂದು ಬೂಟಿತ್ತು.

"ಇನ್ನೊಂದು ಆಪರೇಷನ್ ಆಗ್ಬೇಕಂತೆ ಅಕ್ಕ. ರಾಡ್ ಹಾಕಿದ್ರೆ ಕಾಲು ಉಳಿಯುತ್ತೆ, ಇಲ್ಲಾಂದ್ರೆ ಮೊಣಕಾಲಿಂದ ಕೆಳಗೆ ತೆಗೀತಾರಂತೆ. ವಿಮೆ ಬಂದ್ರೆ ರಾಡು. ತಪ್ಪು ಅವರದೇ ಅಂತಾದ್ರೆ ವಿಮೆ ಬರಲ್ವಂತೆ. ಕೆಟ್ಟ ಪ್ಯಾಡು ಅವರೇ ಕೇಳಿ ಹಾಕಿಸ್ಕೊಂಡ್ರು ಅಂತ ನೀನು ಬರ್ಕೊಡ್ತೀಯಂತೆ, ಮ್ಯಾನೇಜರ್ ಫೋನಲ್ಲಿ ಹೇಳಿದ. ಹೌದಾ?"

"ಇನ್ನೂ ಬರ್ಕೊಟ್ಟಿಲ್ಲ ಕಣೇ."

"ಇನ್ನೂ," ಅಂದಳು ಅವಳು. ಆಮೇಲೆ ನನ್ನ ಮುಖ ನೋಡಲಿಲ್ಲ.

ಒಳಗೆ ಮೀಸೆ ಎಚ್ಚರವಾಗಿದ್ದ. ಮೀಸೆ ಜೋತುಬಿದ್ದಿತ್ತು. ನನ್ನನ್ನು ನೋಡಿ ಹಲ್ಲು ಬಿಟ್ಟ. "ನೋಡಕ್ಕ, ಇನ್ಮೇಲೆ ಒಂದೇ ಚಪ್ಪಲಿ ಸಾಕು."

"ಬಾಯ್ಮುಚ್ಕೊಂಡು ಬಿದ್ದಿರು, ಮುಂಡೇದೇ." ಅವನ ಹೊದಿಕೆ ಎಳೆದು ಸರಿಮಾಡಿದೆ.

ಮರುದಿನ ಬೆಳಿಗ್ಗೆ ನೇರ ಮ್ಯಾನೇಜರನ ರೂಮಿಗೆ ಹೋಗಿ ಆ ಗಟ್ಟಿ ಪ್ಯಾಡನ್ನು ಮೇಜಿನ ಮೇಲಿಟ್ಟೆ.

"ಏನಿದು?"

"ಮೀಸೆ ಗಾಡಿದು ಸಾರ್. ತನ್ನ ಕೈಯಿಂದ ದುಡ್ಡು ಹಾಕಿ ತಂದಿದ್ದ. ಕೆಟ್ಟದ್ದು ಬೇಕು ಅಂತ ಅವನು ಕೇಳಿರ್ಲಿಲ್ಲ. ಕಿತ್ತುಹೋಗಿರೋದು ನಿಮ್ಮ ಹಳದಿ ಡಬ್ಬೀದು. ಇದನ್ನೇ ಬರೀರಿ, ಸೈನ್ ಹಾಕ್ತೀನಿ."

ಮ್ಯಾನೇಜರ್ ಪ್ಯಾಡನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿದ. ಅವನ ಮುಖ ಅರಳುತ್ತಾ ಬಂತು. ನನಗೆ ಅದು ಅರ್ಥವಾಗುವಷ್ಟರಲ್ಲಿ ಪೆನ್ನು ತೆಗೆದಾಗಿತ್ತು.

"ಇನ್ನೂ ಒಳ್ಳೇದಾಯ್ತಲ್ಲ! ಕಂಪನಿ ಗಾಡಿಗೆ ಅಪ್ಪಣೆ ಇಲ್ಲದೆ ಹೊರಗಿನ ಸಾಮಾನು ಹಾಕಿದಾನೆ. ಒಂದು ಕಡೆ ಒಂದು, ಇನ್ನೊಂದು ಕಡೆ ಇನ್ನೊಂದು. ಬೀಳದೆ ಏನಾಗ್ತಾನೆ? ವಿಮೆಯವರು ಈ ಫೈಲನ್ನ ಮುಚ್ಚೇಬಿಡ್ತಾರೆ."

"ಕೆಟ್ಟದ್ದು ಹಾಕಿದ್ರೆ ಅವನೇ ಆರಿಸ್ಕೊಂಡ. ಒಳ್ಳೇದು ಹಾಕಿದ್ರೆ ಅವನೇ ಕೆಡಿಸ್ದ. ಹಾಗಾದ್ರೆ ಏನ್ ಹಾಕ್ಬೇಕಿತ್ತು ಸಾರ್?"

"ಅದು ನನ್ನ ಕೇಳ್ತೀಯ? ಫಿಟ್ಟರ್ ನೀನು." ಅವನು ಪ್ಯಾಡನ್ನು ಮೇಜಿನ ಮೇಲೆ ಟಕಟಕ ಕುಟ್ಟಿದ. "ಇದು ಜೊತೇಲಿ ಬರೋ ಸಾಮಾನು. ಇದರ ಜೊತೆದು ಎಲ್ಲಿ?"

ಅವನು ಎದ್ದು ಕಿಟಕಿಯ ಹತ್ತಿರ ಹೋದ. ಹೊರಗೆ ಹದಿನಾಲ್ಕು ಗಾಡಿ ಸಿಲಿಂಡರ್ ಹೇರಿಕೊಂಡು, ಗೇಟಿನ ಕಡೆ ಇಳಿಜಾರಿಗೆ ಮುಖ ಮಾಡಿ ನಿಂತಿದ್ದವು. ಮಗಳು ತನ್ನ ಗಾಡಿಯ ಹಗ್ಗ ಬಿಗಿಯುತ್ತಿದ್ದಳು.

"ಓಹೋ. ಮಾವ, ಸೊಸೆ," ಅಂದ ಮ್ಯಾನೇಜರ್. "ಬುದ್ಧಿವಂತ ಜನ ಕಣಮ್ಮ ನೀವು. ಕೇಳು, ನಾನು ಕೆಟ್ಟವನಲ್ಲ. ನಿನ್ನೆ ಕೊಟ್ಟ ಕಾಗದಕ್ಕೆ ಸೈನ್ ಹಾಕು, ಇದರ ಜೊತೆದು ಎಲ್ಲಿ ಅಂತ ನಾನು ಹುಡುಕಲ್ಲ. ಹಾಕಲ್ಲ ಅಂದ್ರೆ ಈ ಹೊರಗಿನ ಸಾಮಾನಿನ ಕತೇನೇ ಬರೀತೀನಿ, ನಿನ್ನ ಮಗಳ ಕೆಲಸವೂ ಹೋಯ್ತು, ನಿಂದೂ ಹೋಯ್ತು. ಮೊದಲು ಹೋಗಿ ಅವಳ ಗಾಡೀಲಿರೋದನ್ನ ತೆಗೆದು ಎರಡೂ ಕಡೆ ಹಳದಿ ಹಾಕು. ಒಂಬತ್ತಕ್ಕೆ ಎಲ್ಲಾ ಗಾಡಿ ಗೇಟು ದಾಟಿರ್ಬೇಕು."

ಎರಡು ಬಿಸ್ಕತ್ತನ್ನು ನನ್ನ ಕೈಗೆ ತುರುಕಿ ಫೋನ್ ಎತ್ತಿಕೊಂಡ.

ಅಂಗಳಕ್ಕೆ ಬಂದು ಮಗಳ ಗಾಡಿಯ ಮುಂದೆ ಕುಕ್ಕರಗಾಲಲ್ಲಿ ಕೂತೆ. ಎರಡು ಬೋಲ್ಟು ಬಿಚ್ಚಿ, ಕ್ಯಾಲಿಪರ್ ಇಳಿಸಿ, ಎರಡೂ ಪ್ಯಾಡ್ ಹೊರಗೆ ತೆಗೆದೆ. ಬಿಸ್ಕತ್ತಿನ ಒಂದು ಮೂಲೆ ಆಗಲೇ ತಗಡಿನಿಂದ ಎದ್ದಿತ್ತು, ಉಗುರು ತೂರುವಷ್ಟು. ಇವತ್ತೋ, ನಾಳೆಯೋ ಪೂರ್ತಿ ಕಿತ್ತು ಬರುತ್ತಿತ್ತು.

ಮಗಳು ಬಗ್ಗಿ ಅದನ್ನು ನೋಡಿದಳು. ಅವಳ ಕೈ ಹಗ್ಗದ ಮೇಲೆಯೇ ನಿಂತಿತು.

ಖಾಲಿ ಕ್ಯಾಲಿಪರನ್ನು ಹಾಗೇ ಮೇಲೆ ಕೂರಿಸಿ ಬೋಲ್ಟು ಬಿಗಿದೆ. ಪ್ಯಾಡುಗಳನ್ನು ಬಕೆಟ್ಟಿಗೆ ಎಸೆದು ಪಕ್ಕದ ಗಾಡಿಗೆ ಹೋದೆ.

"ಅಕ್ಕಾ, ನಂದು ಈಗ್ಯಾಕೆ ಬಿಚ್ತಿದೀಯ? ಲೋಡಾಗಿದೆ," ಅಂದ ಅದರ ಸವಾರ.

"ತೆಗೀತಿದೀನಿ."

"ತೆಗೆದು ಏನ್ ಹಾಕ್ತೀಯ?"

"ಏನೂ ಹಾಕಲ್ಲ."

ಅವನು ಮಗಳ ಮುಖ ನೋಡಿದ. ಮಗಳು ಬಕೆಟ್ಟಿನಿಂದ ಆ ಎದ್ದ ಮೂಲೆಯ ಪ್ಯಾಡ್ ಎತ್ತಿ ಅವನ ಕೈಗಿಟ್ಟಳು. ಅದು ಒಬ್ಬರ ಕೈಯಿಂದ ಒಬ್ಬರ ಕೈಗೆ ಸಾಲಿನ ಕೊನೆಯವರೆಗೆ ಹೋಯಿತು. ಯಾರೂ ಬಿಸ್ಕತ್ತಿನ ತಮಾಷೆ ಮಾಡಲಿಲ್ಲ. ನಾಲ್ಕನೆಯ ಗಾಡಿಗೆ ಬರುವಷ್ಟರಲ್ಲಿ ಉಳಿದವರು ನನ್ನ ಸ್ಪ್ಯಾನರುಗಳನ್ನು ಹಂಚಿಕೊಂಡಿದ್ದರು.

"ಯಾವ ಬೋಲ್ಟ್ ಅಕ್ಕ? ಇದಾ?"

"ಮೇಲಿಂದು ಮೊದಲು ಬಿಚ್ಚು. ಜೋರಾಗಿ ಎಳೀಬೇಡ್ವೋ, ಹಲ್ಲು ಉದುರ್ಸ್ಕೋತೀಯ."

ಒಂಬತ್ತಾಗುವ ಹೊತ್ತಿಗೆ ಬಕೆಟ್ ತುಂಬಿತ್ತು. ಗೇಟು ತೆರೆದೇ ಇತ್ತು. ಒಂದು ಗಾಡಿಯೂ ಹೊರಟಿರಲಿಲ್ಲ.

ಮ್ಯಾನೇಜರ್ ಹೊರಗೆ ಬಂದ. ಮೊದಲು ಬಕೆಟ್ ನೋಡಿದ, ಆಮೇಲೆ ನಮ್ಮನ್ನು.

"ಏನೇ ಇದು? ಯಾರನ್ನ ಕೇಳಿ ತೆಗೆದೆ? ಹಾಕು ವಾಪಸ್!"

"ನೀವು ಕೊಟ್ಟಿದ್ದನ್ನ ನಾನು ಇನ್ನು ಯಾರ ಗಾಡಿಗೂ ಹಾಕಲ್ಲ. ನಿಮ್ಮ ಕಾಗದಕ್ಕೂ ಸೈನ್ ಹಾಕಲ್ಲ. ವಿಮೆಯವರನ್ನ ಇಲ್ಲಿಗೇ ಕರೀರಿ, ಬಕೆಟ್ ತೋರಿಸ್ತೀನಿ."

"ಬೋಳಿಮಕ್ಕಳಾ, ಒಬ್ಬೊಬ್ಬರನ್ನೂ ಒದ್ದು ಓಡಿಸ್ತೀನಿ! ಹಿಂದಿನ ಬ್ರೇಕ್ ಇಲ್ವಾ? ಹತ್ತಿ, ಹೊರಡಿ!"

"ಹೆಂಗೆ ಅಂತ ಒಂದು ಸಲ ತೋರ್ಸಿಕೊಡಿ ಸಾರ್," ಅಂದ ಹಿಂದಿನಿಂದ ಒಬ್ಬ. "ನಾವು ಓದಿಲ್ಲದವರು."

ಯಾರೋ ಕಿಸಕ್ಕೆಂದರು. ಆ ನಗು ಮ್ಯಾನೇಜರನ ತಲೆಗೇರಿತು. ಎದುರಿಗಿದ್ದ ಮಗಳ ಗಾಡಿಯ ಹ್ಯಾಂಡಲ್ ಎರಡೂ ಕೈಯಲ್ಲಿ ಹಿಡಿದು, ಗೇಟಿನಾಚೆ ತಳ್ಳಿಯೇ ತೋರಿಸುತ್ತೇನೆಂದು ಸ್ಟ್ಯಾಂಡನ್ನು ಒದ್ದ. ತುಂಬಿದ ಎರಡು ಸಿಲಿಂಡರಿನ ಗಾಡಿ ಹೇಗೆ ಎಳೆಯುತ್ತದೆ ಎಂದು ಅವನ ಕೈಗೆ ಎಂದೂ ಗೊತ್ತಾಗಿರಲಿಲ್ಲ. ಗಾಡಿ ಮುಂದಕ್ಕೆ ಉರುಳಿತು. ಪಕ್ಕದಲ್ಲಿ ನಿಂತು ತಳ್ಳುತ್ತಿದ್ದವನಿಗೆ ಹಿಂದಿನ ಬ್ರೇಕಿನ ಪೆಡಲ್ ಎಟುಕಲಿಲ್ಲ, ಕೈಯ ಬ್ರೇಕ್ ಲಿವರ್ ಹಿಡಿದ. ಲಿವರ್ ಮೆತ್ತಗೆ ಬಂದು ಹಿಡಿಗೆ ತಾಗಿತು. ಗಾಡಿ ನಿಲ್ಲಲಿಲ್ಲ.

ಮಗಳೂ ಇನ್ನಿಬ್ಬರು ಸವಾರರೂ ಹಾರಿ ಹಿಂದಿನ ಕ್ಯಾರಿಯರ್ ಹಿಡಿದುಕೊಂಡರು. ಗಾಡಿ ಗೇಟಿನ ಹೊಸ್ತಿಲಲ್ಲಿ ನಿಂತಿತು. ಮುಂದಿನ ಚಕ್ರ ಆಗಲೇ ಇಳಿಜಾರಿನ ಮೇಲಿತ್ತು. ಮ್ಯಾನೇಜರ್ ಹ್ಯಾಂಡಲಿಗೂ ಗೇಟಿನ ಕಂಬಕ್ಕೂ ನಡುವೆ ಸಿಕ್ಕಿಕೊಂಡು, ಖಾಲಿ ಲಿವರನ್ನು ಹಿಚುಕುತ್ತಲೇ ಇದ್ದ. ಅವನ ಬೂಟು ಜಲ್ಲಿಯ ಮೇಲೆ ಇಂಚಿಂಚೇ ಜಾರುತ್ತಿತ್ತು. ನಾನು ಬಕೆಟ್ಟಿನ ಪಕ್ಕದಿಂದ ಏಳಲಿಲ್ಲ.

"ಸಾರ್, ನಮ್ಮ ಕೈ ಸೋಲ್ತಿದೆ," ಅಂದಳು ಮಗಳು. ಅವಳ ದನಿಯಲ್ಲಿ ಅವಸರವಿರಲಿಲ್ಲ. "ಹಿಡ್ಕೊಂಡಿರ್ಬೇಕಾ, ಬಿಡ್ಬೇಕಾ? ಬೇಗ ಹೇಳಿ."