ಹಾಕು ಅಂದರೆ

ಚಪ್ಪಲಿ ಸದ್ದು, ತೌಡಿನ ಧೂಳಿನ ಮೇಲೆ ಬರುವ ಮೆತ್ತನೆ ಸದ್ದು, ಇನ್ಯಾರು, ಸಂಧ್ಯಾರಾಣಿ ಮೇಡಮ್ಮೇ, ಮಾಲೀಕ ಷಣ್ಮುಖಪ್ಪನ ಸೊಸೆ, ಮಿಲ್ಲಿಗೆ ಕಾಲಿಟ್ಟು ನಾಲ್ಕು ತಿಂಗಳಾಗಿಲ್ಲ, ಆಗಲೇ ಗೋಡೆ ತುಂಬ ಬೋರ್ಡು, ಜಾಗ್ರತೆ, ಎಚ್ಚರಿಕೆ, ಉಗುಳಬಾರದು — ಉಗುಳದೆ ನುಂಗಬೇಕೇನು — ನಿಂಗರಾಜ್ ತಲೆ ಎತ್ತಲಿಲ್ಲ, ಎತ್ತಿ ನೋಡುವಂಥದ್ದೇನೂ ಬರುತ್ತಿಲ್ಲ, ಚಕ್ಕಳಮಕ್ಕಳ ಕೂತು ಭತ್ತ ಮೇಲೆತ್ತುವ ಎಲಿವೇಟರಿನ ಮೋಟಾರಿನ ಮುಚ್ಚಳ ಬಿಚ್ಚಿದ್ದಾನೆ, ಒಳಗೆ ಮೂರು ವೈರು, ಕೆಂಪು, ಹಳದಿ, ನೀಲಿ, ತುಕ್ಕು ಹಿಡಿದ ನಟ್ಟು, ಹೊನ್ನಾಳಿಯ ಹನ್ನೊಂದು ಗಂಟೆ ಬಿಸಿಲು ತಗಡು ದಾಟಿ ನೆತ್ತಿಗೇ ಇಳಿಯುತ್ತಿದೆ, ಇಪ್ಪತ್ತಾರು ವರ್ಷ ಕೆಲಸ ಮಾಡಿದ ಎಲೆಕ್ಟ್ರಿಷಿಯನ್ನಿಗೆ ಈ ಹುಡುಗಿ ಕರೆಂಟಿನ ಪಾಠ ಹೇಳುತ್ತಾಳೆ. ಮೂವತ್ತು ಹೆಜ್ಜೆ ಆಚೆ, ಭತ್ತದ ಚೀಲಗಳ ಹಿಂದೆ, ಗೋಡೆಗೆ ಐಸೋಲೇಟರ್ ಸ್ವಿಚ್ಚು ಕೂರಿಸಿದ್ದಾಳೆ, ಕೆಂಪು ಹಿಡಿಕೆಯದು, ಅದನ್ನು ತಿರುಗಿಸಿ ಕರೆಂಟು ತೆಗೆದೇ ಬಂದಿದ್ದಾನೆ, ಅಷ್ಟೂ ಗೊತ್ತಿಲ್ಲದ ಪೆದ್ದನಲ್ಲ, ಆದರೆ ಅವಳಿಗೆ ಅದು ಸಾಲದು, ಹಿಡಿಕೆಗೊಂದು ತೂತು, ತೂತಿಗೊಂದು ಬೀಗ, ಕೀಲಿ ಕೆಲಸ ಮಾಡುವವನ ಜೇಬಿನಲ್ಲೇ ಇರಬೇಕಂತೆ, ಇವನ ಕೈ ಮೋಟಾರಿನಲ್ಲಿ ಇರುವಷ್ಟು ಹೊತ್ತು ಇನ್ನೊಬ್ಬ ಹಿಡಿಕೆ ತಿರುಗಿಸಬಾರದಂತೆ — ಬೀಗ ಹಾಕಿಡಾಕೆ ಕರೆಂಟೇನು ರೇಷ್ಮೆ ಸೀರೆಯಾ, ಯಾರು ಹೊತ್ಕೊಂಡು ಹೋಗ್ತಾರೆ. ಟೈ ಕಟ್ಟಿದ ಒಬ್ಬನನ್ನು ಕರೆಸಿ ಗೋಡೆ ಮೇಲೆ ಚಿತ್ರ ತೋರಿಸಿದಳು, ಸುಟ್ಟ ಕೈ, ಸುಟ್ಟ ಮುಖ, ಆಮೇಲೆ ಎಲ್ಲರಿಗೂ ಬೋಂಡ, ನಿಂಗರಾಜ್ ಎರಡು ಹೆಚ್ಚಿಗೆ ತಿಂದ, ಪಾಠದಲ್ಲಿ ದಕ್ಕಿದ್ದು ಅಷ್ಟೇ. ಅವನು ಮೊದಲಿದ್ದ ಚನ್ನಗಿರಿ ಮಿಲ್ಲಿನಲ್ಲಿ ಬೀಗದ ಬದಲು ಹಿಡಿಕೆಯ ತೂತಿಗೆ ಬೇವಿನ ಕಡ್ಡಿ ಸಿಕ್ಕಿಸುತ್ತಿದ್ದರು, ನ್ಯಾಮತಿಯಲ್ಲಿ ಚೀಲ ಹೊಲಿಯುವ ದಾರ ಸುತ್ತುತ್ತಿದ್ದರು, ಜಗಳೂರಿನಾಚೆ ಸೊಕ್ಕೆಯಲ್ಲಿ ಐಸೋಲೇಟರೇ ಇರಲಿಲ್ಲ, ಅಲ್ಲಿ ನಿಂಗರಾಜ್ ಬರಿಗೈಯಲ್ಲಿ ಕರೆಂಟಿದ್ದ ವೈರು ಹಿಡಿದ, ಕೈಗಡಿಯಾರ ಅಲ್ಲೇ ನಿಂತಿತು, ಒಂಬತ್ತು ದಿನ ಬಿಟ್ಟು ಹೊನ್ನಾಳಿ ಸೇತುವೆ ಮೇಲೆ ಬಸ್ಸು ಕುಲುಕಿದಾಗ ತಾನಾಗಿ ಶುರುವಾಯಿತು, ಅದೂ ಸರಿಯಾದ ಟೈಮಿಗೆ. ಆಪರೇಟರ್ ಅಂಜಿನಪ್ಪನಿಗೆ ಈ ಕಥೆ ಹನ್ನೊಂದು ಸಲ ಹೇಳಿದ್ದಾನೆ, ಒಂದೊಂದು ಸಲಕ್ಕೂ ವೋಲ್ಟೇಜು ಏರಿದೆ, ಅಂಜಿನಪ್ಪ ಒಮ್ಮೆಯೂ ತಕರಾರು ತೆಗೆದಿಲ್ಲ, ಹೇಳಿದ್ದನ್ನು ಹೇಳಿದ ಹಾಗೆ ಕೇಳುವ ಮನುಷ್ಯ, ತಲೆಗೆ ಕೆಲಸ ಕೊಡುವುದಿಲ್ಲ, ಇದ್ದರೆ ತಾನೇ ಕೊಡುವುದು, ಮೂವತ್ತು ವರ್ಷ ಬಟನ್ ಒತ್ತಿದ್ದೇ ಸಾಧನೆ. ಚಪ್ಪಲಿ ನಿಂತಿತು. ನಿಂಗಣ್ಣ, ಬೀಗ ಹಾಕೀರಾ? ಹಾಕೀನಿ ಕಣಮ್ಮ. ಎಲ್ಲಿ, ಕೀಲಿ ತೋರಿಸ್ರಿ ನೋಡಣ — ಕೀಲಿ ಅಂತೆ, ಮೇಷ್ಟ್ರು ಹೋಮ್‌ವರ್ಕ್ ಕೇಳಿದ ಹಾಗೆ, ಕೀಲಿ ಬೀಗದಲ್ಲೇ ಇದೆ, ಬೀಗ ಬಾಯಿ ಬಿಟ್ಟುಕೊಂಡು ಐಸೋಲೇಟರಿನ ಪಕ್ಕದ ಮೊಳೆಯಲ್ಲಿ ತೂಗುತ್ತಿದೆ, ಬೆಳಗಿನಿಂದ. ಈಗ ಎದ್ದು ಹೋದರೆ ಇವಳ ಮುಂದೆ ಸೋತಂತೆ, ಏಳದಿದ್ದರೆ ಮಾವನ ಕಿವಿಗೆ ದೂರು, ದೂರು ಹೋದರೆ ಈ ಮಿಲ್ಲಿನ ಅನ್ನ ಹೋಯಿತು, ಅದಕ್ಕೆಲ್ಲ ಯಾಕೆ, ಅಂಜಿನಪ್ಪ ಆ ಐಸೋಲೇಟರಿನ ಹತ್ತಿರವೇ ನಿಂತಿದ್ದಾನಲ್ಲ, ಅವನ ಕೈಗೊಂದು ಕೆಲಸ. ನಟ್ಟು ಮೀಟಲು ಕೆಂಪಿಗೂ ಹಳದಿಗೂ ನಡುವೆ ಸ್ಕ್ರೂಡ್ರೈವರ್ ತುರುಕಿ, ತುದಿ ಜಾರದಂತೆ ಎಡಗೈ ಹೆಬ್ಬೆರಳು ಒತ್ತಿಟ್ಟು, ಕೂತಲ್ಲಿಂದಲೇ ಕೂಗಿದ, ಏ ಅಂಜಿನಪ್ಪಾ, ಹಾಕೋ ಅತ್ಲಾಗೆ! ಏನಂದಿ? ಹಾಕೋ ಅಂದೆ! ಹಾಕ್ಲಾ? ಹಾಕೋ ಮಾರಾಯ, ಎಷ್ಟ್ ಸಲ ಹೇಳ್ಬೇಕು ನಿಂಗೆ! ಸಂಧ್ಯಾರಾಣಿಯ ಮುಖ ಬದಲಾಯಿತು, ಏನ್ ಹಾಕಾಕೆ ಹೇಳಿದ್ರಿ ನಿಂಗಣ್ಣ, ಏನ್ ಹಾಕಾಕೆ? — ನೋಡು, ಈಗ ಭಾಷೆಯ ಪಾಠವೂ ಶುರು — ತಡೆಯಲಾಗಲಿಲ್ಲ ಅವನಿಗೆ, ಸ್ಕ್ರೂಡ್ರೈವರನ್ನು ಸಿಕ್ಕಿದಲ್ಲೇ ಬಿಟ್ಟು ಎರಡೂ ಕೈ ಎತ್ತಿ ಎದೆಯ ಮುಂದೆ ಜೋಡಿಸಿ, ನಿಮ್ ಬೀಗಕ್ಕೊಂದು ದೊಡ್ಡ ನಮಸ್ಕಾರ ಕಣಮ್ಮ ತಾಯಿ, ಅಂದ.

ಅನ್ನುವಷ್ಟರಲ್ಲಿ ಢಮ್ಮೆಂದಿತು. ನೀಲಿ ಬೆಳಕು, ಆಮೇಲೆ ಬೆಳಕೇ ಇಲ್ಲ, ಕಣ್ಣೊಳಗೆ ಹಸಿರು ಚುಕ್ಕಿ, ತಾಮ್ರ ಸುಟ್ಟ ವಾಸನೆ, ಯಾರೋ ಕಿರುಚುತ್ತಿದ್ದಾರೆ, ಬ್ಯಾಡ, ಅಂಜಿನಪ್ಪಣ್ಣ ಬ್ಯಾಡ, ಮುಟ್ಟಬ್ಯಾಡ್ರಿ ಅದನ್ನ, ಚಪ್ಪಲಿ ಬಿಟ್ಟು ಓಡುತ್ತಿದ್ದಾಳೆ ಚೀಲಗಳ ಕಡೆ, ಬರಿಗಾಲು — ಹಾಕು ಅಂದದ್ದು ಬೀಗ, ಬೀಗ ಅಂತ ಬಾಯಲ್ಲಿ ಬರಲಿಲ್ಲ, ಬರಬೇಕೇನು, ಅಷ್ಟೂ ತಿಳಿಯುವುದಿಲ್ಲವೇ ಆ ಕತ್ತೆಗೆ, ತಿಳಿಯುವುದು ಹೇಗೆ, ಬೀಗವೂ ಹಾಕೋದೇ, ಸ್ವಿಚ್ಚೂ ಹಾಕೋದೇ, ಅನ್ನವೂ ಹಾಕೋದೇ, ಫೋಟೋಕ್ಕೆ ಹಾರವೂ ಹಾಕೋದೇ, ಎರಡು ಸಲ ಕೇಳಿದ, ಮೂರು ಸಲ ಹಾಕು ಅಂದೆ, ಹೇಳಿದ್ದನ್ನು ಹೇಳಿದ ಹಾಗೆ ಮಾಡಿದ. ಏನಾತೋ ನಿಂಗಾ, ಢಮ್ ಅಂತು, ಇನ್ನೊಂದ್ಸಲ ಹಾಕ್ಲಾ? — ಕೈಗಳು ಇನ್ನೂ ಎದೆಯ ಮುಂದೆ ಜೋಡಿಸಿಯೇ ಇವೆ, ಬಿಡಿಸಿಕೊಳ್ಳಲು ಬರುತ್ತಿಲ್ಲ, ಮುಂದೆ ಮೋಟಾರು, ಹೊಗೆ, ಹೊಗೆಯೊಳಗೆ ಸ್ಕ್ರೂಡ್ರೈವರು, ಅದರ ತುದಿಯಿಲ್ಲ, ಕಚ್ಚಿ ತಿಂದ ಹಾಗೆ ಇಲ್ಲ, ತುದಿ ಇದ್ದಲ್ಲಿ ಹೆಬ್ಬೆರಳಿತ್ತು, ಇವಳನ್ನು ಅಣಕಿಸಲು ಕೈ ಎತ್ತದಿದ್ದರೆ — ತುದಿಯಿಲ್ಲ, ಅಲ್ಲಿ ಹೆಬ್ಬೆರಳಿತ್ತು, ತುದಿಯಿಲ್ಲದ ಸ್ಕ್ರೂಡ್ರೈವರು, ಅಲ್ಲಿ ಹೆಬ್ಬೆರಳಿತ್ತು, ಅಲ್ಲಿ