ಅಕ್ಕಿಗೆಂದು ಹಾಕಿದ ಸಹಿ

ಗುರುತಿನ ಚೀಟಿಯ ಜೆರಾಕ್ಸ್ ಕೇಳದ ಕೆಲಸ ಈಗ ಯಾವುದಿದೆ? ಗ್ಯಾಸಿಗೆ ಬೇಕು, ಗೊಬ್ಬರಕ್ಕೆ ಬೇಕು, ಮಗುವನ್ನು ಶಾಲೆಗೆ ಸೇರಿಸಲು ಬೇಕು. ಜಾವಾದ ಕಾಲಿರೆಜೊ ಹಳ್ಳಿಯ ವಾರ್ಸಿತಿ ಅದಕ್ಕೇ ತನ್ನದೂ ಗಂಡನದೂ ಹತ್ತು ಹತ್ತು ಪ್ರತಿ ತೆಗೆಸಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಬೀರುವಿನಲ್ಲಿ ಬಟ್ಟೆಯ ಕೆಳಗೆ ಇಟ್ಟಿದ್ದಳು. ಯಾರಾದರೂ ಕೇಳಿದರೆ ಒಂದು ತೆಗೆದು ಕೊಡುವುದು, ತೋರಿಸಿದ ಕಡೆ ಸಹಿ ಹಾಕುವುದು. ಬೀದಿಯ ಹೆಂಗಸರೆಲ್ಲ ಹಾಗೆಯೇ ಮಾಡುತ್ತಿದ್ದರು.

ರಂಜಾನಿನ ಉಪವಾಸದ ತಿಂಗಳು ಮುಗಿಯಲು ಒಂದು ವಾರ ಇತ್ತು. ಊರಿಗೆ ಒಂದು ಲಾರಿ ಅಕ್ಕಿ ಬಂತು. ತಂದವರು ಪಟ್ಟಣದ ಒಂದು ಸಂಘದವರು. ಬಿಳಿ ಅಂಗಿ, ಮೆದು ಮಾತು. ಅವರ ಮುಂದಾಳು ಪಾಕ್ ಹಾರಿಸ್ ಎದುರು ಬಂದವರಿಗೆಲ್ಲ ಕೈಮುಗಿಯುತ್ತಿದ್ದ. ಅಲ್ಲಿ ಗಂಡಸರಿಗೆ ಪಾಕ್, ಹೆಂಗಸರಿಗೆ ಬು ಎನ್ನುವುದು ಮರ್ಯಾದೆ.

"ಬನ್ನಿ ಬು, ಬನ್ನಿ. ತಲೆಗೆ ಐದು ಕಿಲೋ. ಒಂದು ಜೆರಾಕ್ಸ್, ಒಂದು ಸಹಿ, ಅಷ್ಟೇ."

ಮೇಜಿನ ಮೇಲಿನ ಹಾಳೆಯಲ್ಲಿ ಸಾಲು ಸಾಲಾಗಿ ಗೆರೆ ಎಳೆದಿತ್ತು. ಗೆರೆಗಳ ಮೇಲೆ ನಾಲ್ಕು ಬೆರಳಿನಷ್ಟು ಜಾಗ ಖಾಲಿ ಇತ್ತು. ವಾರ್ಸಿತಿಗೆ ಆ ಖಾಲಿ ಜಾಗ ಕಂಡಿತು. ಇಲ್ಲಿ ಏನು ಬರೆಯುತ್ತೀರಿ ಎಂದು ಕೇಳಬೇಕು ಎಂದೂ ಅನ್ನಿಸಿತು. ಆದರೆ ಹಿಂದೆ ಮೂವತ್ತು ಜನ ನಿಂತಿದ್ದರು. ಬಿಸಿಲು, ಬೆಳಗಿನಿಂದ ನೀರು ಮುಟ್ಟದ ಬಾಯಿ. ಅವಳು ಸಹಿ ಹಾಕಿದಳು. ಗಂಡ ಕಸ್ನಾದಿ ಅದರ ಕೆಳಗೆ ತನ್ನದನ್ನೂ ಹಾಕಿದ.

ಹಬ್ಬ ಕಳೆದು ಎರಡು ವಾರಕ್ಕೆ ಪಕ್ಕದ ಮನೆಯ ಬು ಎಸ್ತರ್ ಅವರಲ್ಲಿ ಏನೋ ಬದಲಾದಂತೆ ಕಂಡಿತು. ಎಸ್ತರ್ ಮನೆಯಲ್ಲೇ ಸೋಯಾ ಕಾಳು ಬೇಯಿಸಿ ಹುದುಗಿಸಿ ತೆಂಪೆ ಮಾಡಿ, ಬಾಳೆ ಎಲೆಯಲ್ಲಿ ಕಟ್ಟಿ, ಬೀದಿಗೆಲ್ಲ ಕೊಡುವವರು. ದಿನಾ ಬೆಳಿಗ್ಗೆ ವಾರ್ಸಿತಿಯ ಜಗಲಿಯಲ್ಲಿ ಕೂತು ಅರ್ಧ ಲೋಟ ಚಹಾ ಕುಡಿಯದೆ ಮುಂದಿನ ಮನೆಗೆ ಹೋದವರಲ್ಲ. ಈಗ ಪೊಟ್ಟಣ ಕಿಟಕಿಯ ಮೇಲಿಟ್ಟು ಹೊರಟುಬಿಡುತ್ತಿದ್ದರು.

"ಕೂತ್ಕೊಳ್ಳಿ ಬು, ಚಹಾ ಆಗಿದೆ."

"ಇಲ್ಲ ಕಣಮ್ಮ, ಒಲೆ ಮೇಲೆ ಕಾಳು ಇಟ್ಟು ಬಂದಿದೀನಿ."

ಮೂರು ದಿನವೂ ಒಲೆಯ ಮೇಲೆ ಕಾಳು. ವಾರ್ಸಿತಿ ತಾನು ಎಲ್ಲಿ ತಪ್ಪು ಮಾತಾಡಿದೆ ಎಂದು ಒಂದೊಂದೇ ದಿನವನ್ನು ನೆನಪು ಮಾಡಿಕೊಂಡಳು. ಏನೂ ಸಿಗಲಿಲ್ಲ.

ನಾಲ್ಕನೆಯ ದಿನ ಬು ಲಿಲಿಕ್ ಬಂದರು. ಊರಿನ ಮಕ್ಕಳ ತೂಕ ನೋಡಿ ಚುಚ್ಚುಮದ್ದಿನ ಲೆಕ್ಕ ಇಡುವ ಆರೋಗ್ಯ ಕಾರ್ಯಕರ್ತೆ ಅವರೇ. ಗುರುವಾರ ಸಂಜೆ ಹೆಂಗಸರನ್ನು ಕೂರಿಸಿ ಕುರಾನಿನ ಯಾಸೀನ್ ಅಧ್ಯಾಯ ಓದಿಸುವವರೂ ಅವರೇ. ಕಸ್ನಾದಿ ಊಟಕ್ಕೆ ಕೂತಿದ್ದ.

"ವಾರ್ಸಿತಿ, ಬು ಎಸ್ತರ್ ಅವರ ಪ್ರಾರ್ಥನಾ ಮನೆ ಬೇಡ ಅಂತ ನೀನು ಯಾಕೆ ಸಹಿ ಹಾಕಿದೆ?"

ವಾರ್ಸಿತಿ ಕೈಯಲ್ಲಿದ್ದ ಸೌಟನ್ನು ಹಾಗೇ ಹಿಡಿದು ನಿಂತಳು. "ನಾನಾ? ಪ್ರಾರ್ಥನಾ ಮನೆ ಇರಲಿ ಅಂತಲ್ವಾ ನಾನು ಹಾಕಿದ್ದು!"

ಅದು ನಿಜ. ಎಸ್ತರ್ ಮನೆಯ ಹಿಂದೆ ಮರದ ಒಂದು ಕೊಠಡಿ ಇತ್ತು. ಊರಿನ ಇಪ್ಪತ್ತು ಕ್ರೈಸ್ತ ಕುಟುಂಬಗಳು ಭಾನುವಾರ ಅಲ್ಲಿ ಸೇರುತ್ತಿದ್ದವು. ಕಳೆದ ಮಳೆಗೆ ಚಾವಣಿ ಕುಸಿದಿತ್ತು, ಟಾರ್ಪಾಲು ಹೊದಿಸಿ ಅಲ್ಲೇ ಸೇರುತ್ತಿದ್ದರು. ಹೊಸದಾಗಿ ಕಟ್ಟಲು ಪರವಾನಗಿ ಬೇಕು, ಪರವಾನಗಿಗೆ ಬೇರೆ ಧರ್ಮದ ಅರವತ್ತು ನೆರೆಯವರ ಒಪ್ಪಿಗೆ ಬೇಕು. ಅರವತ್ತಮೂರು ಜನ ಓದಿ ನೋಡಿಯೇ ಸಹಿ ಹಾಕಿದ್ದರು. ವಾರ್ಸಿತಿಯೂ ಹಾಕಿದ್ದಳು, ಕಸ್ನಾದಿಯೂ ಹಾಕಿದ್ದ.

ಲಿಲಿಕ್ ಮೊಬೈಲ್ ತೆಗೆದು ಒಂದು ಚಿತ್ರ ತೋರಿಸಿದರು. ಹಳ್ಳಿ ಕಚೇರಿಯ ಗೋಡೆಗೆ ಅಂಟಿಸಿದ್ದ ಹಾಳೆ. ಸಹಿಗಳು ಅವೇ, ಗೆರೆಗಳು ಅವೇ. ಮೇಲಿನ ನಾಲ್ಕು ಬೆರಳಿನ ಜಾಗದಲ್ಲಿ ಈಗ ಟೈಪು ಮಾಡಿದ ಅಕ್ಷರ ಕೂತಿತ್ತು: ಪ್ರಾರ್ಥನಾ ಮನೆಗೆ ಕಾಲಿರೆಜೊ ಜನರ ವಿರೋಧವಿದೆ.

"ಅಕ್ಕಿ ಹಾಳೆ," ಎಂದಳು ವಾರ್ಸಿತಿ.

"ಹೂಂ, ಅದೇ. ಎರಡೂ ಪಟ್ಟಿಯಲ್ಲಿ ಇರೋರು ಹನ್ನೆರಡು ಜನ. ಅವರನ್ನ ಒಪ್ಪಿಗೆಯಲ್ಲಿ ಎಣಿಸೋಕಾಗಲ್ಲ ಅಂತಾರೆ ಗುಮಾಸ್ತರು. ಉಳಿದದ್ದು ಐವತ್ತೊಂದು. ಬುಧವಾರ ಸಭೆ. ಅಷ್ಟರಲ್ಲಿ ಒಂಬತ್ತು ಜನ ಬರೆದು ಕೊಡದಿದ್ದರೆ ಫೈಲು ವಾಪಸ್. ವಾಪಸ್ ಹೋದ ಮೊದಲ ಭಾನುವಾರವೇ ಆ ಬಾಗಿಲಿಗೆ ನಾವೇ ಬೀಗ ಹಾಕ್ತೀವಿ, ಇದು ಜನರ ತೀರ್ಮಾನ ಅಂತ ಪಾಕ್ ಹಾರಿಸ್ ಹೇಳಿಕೊಂಡು ತಿರುಗ್ತಿದಾರೆ."

ಅದು ಬರೀ ಮಾತಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಎರಡು ಭಾನುವಾರದಿಂದ ಆ ಸಂಘದವರ ಬೈಕುಗಳು ಎಸ್ತರ್ ಮನೆಯ ಮುಂದೆ ಸಾಲಾಗಿ ನಿಂತು, ಪ್ರಾರ್ಥನೆ ಮುಗಿಯುವ ತನಕ ಇಂಜಿನ್ ಗರ್ಜಿಸುತ್ತಿದ್ದವು. ಒಳಗಿನ ಮಕ್ಕಳು ಅಳುವುದು ವಾರ್ಸಿತಿಯ ಅಡುಗೆಮನೆಗೆ ಕೇಳುತ್ತಿತ್ತು.

"ಆಗಿದ್ದು ಆಯ್ತು ಬಿಡಿ," ಎಂದ ಕಸ್ನಾದಿ. "ನಾನು ಕ್ಷೌರದವನು. ಆ ಬಿಳಿ ಅಂಗಿಯವರೂ ನನ್ನ ಕುರ್ಚಿ ಮೇಲೆ ಕೂರ್ತಾರೆ. ಸುಮ್ಮನೆ ಕಲ್ಲು ಎಳೆದು ಕಾಲ ಮೇಲೆ ಯಾಕೆ ಹಾಕ್ಕೊಳ್ಳೋದು? ಅದೂ ಅಲ್ಲದೆ, ಅವರ ಅಕ್ಕಿ ಉಂಡಿದೀವಿ. ಅನ್ನದ ಋಣ ಅಂತ ಒಂದು ಇರುತ್ತೆ."

"ಅಕ್ಕಿ ಕೊಟ್ಟಿದ್ದು ನಿನ್ನ ಹೊಟ್ಟೆಗೆ," ಎಂದರು ಲಿಲಿಕ್. "ಬೀಗ ಹಾಕ್ತಿರೋದು ಪಕ್ಕದವರ ಬಾಗಿಲಿಗೆ. ಐದು ಕಿಲೋಗೆ ಇಷ್ಟು ದೊಡ್ಡ ಋಣವಾ ಕಸ್ನಾದಿ?"

"ಅವರ ಪೂಜೆಗೆ ನಾವು ಹೂಂ ಅಂದ್ರೆ ನಮಗೆ ಪಾಪ ಅಂತಾರಲ್ಲ ಪಾಕ್ ಹಾರಿಸ್?"

ಲಿಲಿಕ್ ಕೂತಲ್ಲೇ ಸ್ವಲ್ಪ ಮುಂದಕ್ಕೆ ಬಾಗಿದರು. ದನಿ ಏರಿಸಲಿಲ್ಲ. "ನಾನೂ ಐದು ಹೊತ್ತು ನಮಾಜು ಮಾಡೋಳೇ. ಸುಳ್ಳು ಸಾಕ್ಷಿ ದೊಡ್ಡ ಪಾಪ ಅಂತ ನಿನಗೆ ಚಿಕ್ಕಂದಿನಲ್ಲಿ ಹೇಳಿಕೊಟ್ಟಿಲ್ವಾ? ಆ ಹಾಳೆಯಲ್ಲಿ ನಿನ್ನ ಹೆಸರು ದಿನಾ ಸಾಕ್ಷಿ ಹೇಳ್ತಾ ಇದೆ, ನೀನು ಹೇಳದೇ ಇರೋ ಮಾತನ್ನ. ಅದರ ಲೆಕ್ಕ ಯಾರು ಕೊಡ್ತಾರೆ, ಪಾಕ್ ಹಾರಿಸಾ?"

ಕಸ್ನಾದಿ ಅನ್ನವನ್ನು ಬೆರಳಿನಿಂದ ಆಚೆ ಈಚೆ ಸರಿಸಿದ.

"ಇನ್ನೊಂದು ಚಿತ್ರ ಇದೆ, ನೋಡು," ಎಂದು ಲಿಲಿಕ್ ಮೊಬೈಲನ್ನು ಅವನ ತಟ್ಟೆಯ ಪಕ್ಕ ಇಟ್ಟರು.

ಅದೇ ಸಹಿಗಳ ಇನ್ನೊಂದು ಪ್ರತಿ. ಈ ಸಲ ತಲೆಬರಹ ಬೇರೆ: ಸುಗ್ಗಿಯಾದ ಮೇಲೆ ಊರು ಶುದ್ಧಿ ಮಾಡುವ ಹಬ್ಬದಲ್ಲಿ ತೊಗಲುಗೊಂಬೆಯಾಟ, ವಾದ್ಯಮೇಳ, ಕುಣಿತ ಎಲ್ಲವನ್ನೂ ನಿಲ್ಲಿಸಬೇಕೆಂದು ಊರಿನವರ ಮನವಿ. ಹತ್ತೊಂಬತ್ತನೆಯ ಹೆಸರು ಕಸ್ನಾದಿ. ಹತ್ತು ವರ್ಷದಿಂದ ಆ ಹಬ್ಬದ ಗೊಂಬೆಯಾಟಕ್ಕೆ ಮದ್ದಳೆ ಬಾರಿಸುವವನೂ ಅವನೇ.

ಅವನು ಎರಡು ಸಲ ಓದಿದ. "ನನ್ನ ಮದ್ದಳೆ ಬೇಡ ಅಂತ ನಾನೇ ಬರೆದುಕೊಟ್ಟಿದೀನಾ?"

"ಚೆನ್ನಾಗಿ ಬರೆದಿದೀರಿ. ಸಹಿ ಗುಂಡಗಿದೆ," ಎಂದಳು ವಾರ್ಸಿತಿ.

ಲಿಲಿಕ್ ನಕ್ಕರು. ಕಸ್ನಾದಿಯೂ ನಗಲು ಹೋದ, ಆಗಲಿಲ್ಲ. ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಕೇಳಿದ, "ಬು ಎಸ್ತರ್ ಈ ಹಾಳೆ ನೋಡಿದಾರಾ?"

"ಮೊದಲ ದಿನವೇ ನೋಡಿದಾರೆ."

ವಾರ್ಸಿತಿ ಸೌಟು ಕೆಳಗಿಟ್ಟು ಹೊರಟಳು. ಎರಡು ಮನೆಗಳ ನಡುವೆ ಒಂದು ಬಿದಿರು ಬೇಲಿ, ಹತ್ತು ಹೆಜ್ಜೆ. ಆ ಹತ್ತು ಹೆಜ್ಜೆಯಲ್ಲಿ ಅವಳು ಮೂರು ಸಲ ನಿಂತಳು. ಎಸ್ತರ್ ಹಿತ್ತಲಲ್ಲಿ ಕಾಳು ತೊಳೆಯುತ್ತಿದ್ದರು. ವಾರ್ಸಿತಿ ಅಕ್ಕಿಯ ಸಾಲು, ಖಾಲಿ ಜಾಗ, ತಾನು ಕೇಳದೆ ಬಿಟ್ಟ ಪ್ರಶ್ನೆ, ಎಲ್ಲವನ್ನೂ ಹೇಳಿದಳು. ಸಬೂಬು ಹೇಳಲಿಲ್ಲ.

ಎಸ್ತರ್ ಕೈಯ ನೀರನ್ನು ಉಟ್ಟ ಬಟ್ಟೆಗೆ ಒರೆಸಿಕೊಂಡರು. "ಕೇಳಬೇಕು ಅಂತ ದಿನಾ ನಿನ್ನ ಮನೆ ತನಕ ಬಂದೆ ಕಣಮ್ಮ. ಹೌದು, ನಾನೇ ಹಾಕಿದ್ದು ಅಂತ ನೀನು ಅಂದುಬಿಟ್ಟರೆ ಏನು ಮಾಡಲಿ ಅಂತ ಕೇಳಲಿಲ್ಲ."

ಇಬ್ಬರೂ ಕಾಳಿನ ಬುಟ್ಟಿಯ ಪಕ್ಕ ಕೂತರು. ಆ ದಿನ ಚಹಾ ಎಸ್ತರ್ ಮಾಡಿದರು.

ಮರುದಿನ ಲಿಲಿಕ್ ಒಂದು ಒಕ್ಕಣೆ ಬರೆದು ಕೊಟ್ಟರು. "ನಾನು ಅಕ್ಕಿ ಪಡೆಯಲು ಮಾತ್ರ ಸಹಿ ಮಾಡಿದ್ದೆ. ಆಗ ಹಾಳೆಯ ಮೇಲ್ಭಾಗ ಖಾಲಿ ಇತ್ತು. ಈಗ ಅಲ್ಲಿ ಬರೆದಿರುವ ಮಾತು ನನ್ನದಲ್ಲ. ನನ್ನ ಸಹಿಯನ್ನು ಹಿಂಪಡೆಯುತ್ತೇನೆ." ಇಷ್ಟೇ. ಕೆಳಗೆ ಹೆಸರು, ತಾರೀಖು, ಸಹಿ. ವಾರ್ಸಿತಿ ಅದನ್ನು ತನ್ನ ಕೈಯಲ್ಲೇ ಎರಡು ಪ್ರತಿ ಬರೆದಳು. ಒಂದು ಕಚೇರಿಗೆ, ಇನ್ನೊಂದು ಮೊಹರು ಹಾಕಿಸಿಕೊಂಡು ಮನೆಯಲ್ಲಿ ಇಟ್ಟುಕೊಳ್ಳಲು. ಕಸ್ನಾದಿಯೂ ಹಾಗೆಯೇ ಬರೆದ. ಆಮೇಲೆ ಅವಳೂ ಲಿಲಿಕ್ಕೂ ಎರಡೂ ಪಟ್ಟಿಯಲ್ಲಿದ್ದ ಉಳಿದ ಹತ್ತು ಜನರ ಮನೆಗೆ ಹೋದರು. ಇಬ್ಬರು ಬಾಗಿಲಲ್ಲೇ ಕೈ ಅಲ್ಲಾಡಿಸಿ ಆಗಲ್ಲ ಎಂದರು. ಅವರನ್ನು ಯಾರೂ ಬೈಯಲಿಲ್ಲ. ಹೆದರಿಕೆ ಏನೆಂದು ವಾರ್ಸಿತಿಗೆ ಗೊತ್ತಿತ್ತು. ಒಬ್ಬಳು ಗಂಡನನ್ನು ಕೇಳಿ ಹೇಳುತ್ತೇನೆ ಎಂದಳು. ಉಳಿದ ಏಳು ಜನ ಬರೆದರು. ವಾರ್ಸಿತಿ, ಕಸ್ನಾದಿ ಸೇರಿ ಒಂಬತ್ತು.

ಬುಧವಾರ ಹಳ್ಳಿ ಕಚೇರಿಯಲ್ಲಿ ಪಾಕ್ ಹಾರಿಸ್ ಮುಂದಿನ ಕುರ್ಚಿಯಲ್ಲಿ ಕೂತಿದ್ದ. ಊರಿನ ಮುಖ್ಯಸ್ಥರು ಒಂಬತ್ತು ಪತ್ರಗಳನ್ನು ಓದಿ ಮುಗಿಸಿದಾಗ ಅವನು ವಾರ್ಸಿತಿಯ ಕಡೆ ತಿರುಗಿದ. ದನಿ ಅಕ್ಕಿ ಹಂಚಿದ ದಿನದಷ್ಟೇ ಮೆದುವಾಗಿತ್ತು.

"ಬು, ಯಾರೋ ನಿಮ್ಮನ್ನ ಹೆದರಿಸಿ ಬರೆಸಿದಾರೆ. ಸಂಕೋಚ ಬೇಡ, ಹೇಳಿ. ನಾವು ನೋಡ್ಕೊಳ್ತೀವಿ."

ವಾರ್ಸಿತಿ ಎದ್ದು ನಿಂತು ಕುರ್ಚಿಯ ಬೆನ್ನು ಹಿಡಿದುಕೊಂಡಳು.

"ಹೆದರಿಕೆ ಇರೋದು ನಿಜ ಪಾಕ್. ನಿಮ್ಮದೇ ಹೆದರಿಕೆ. ಆದರೂ ನಾನೇ ಬರೆದಿದ್ದು."

ಮುಖ್ಯಸ್ಥರು ಕೆಂಪು ಪೆನ್ನು ತೆಗೆದುಕೊಂಡು ವಿರೋಧದ ಪಟ್ಟಿಯಲ್ಲಿ ಒಂಬತ್ತು ಸಾಲುಗಳನ್ನು ಹೊಡೆದುಹಾಕಿದರು. ಅರವತ್ತು ಸರಿಯಾಯಿತು. ಫೈಲು ವಾಪಸ್ ಹೋಗಲಿಲ್ಲ, ಮೇಲಿನ ಕಚೇರಿಗೆ ಹೋಯಿತು. ಊರ ಹಬ್ಬದ ಕಾಗದದಿಂದಲೂ ಆ ಒಂಬತ್ತು ಹೆಸರುಗಳು ಹೋದವು.

ಭಾನುವಾರ ಬೆಳಿಗ್ಗೆ ಕಸ್ನಾದಿ ತನ್ನ ಕ್ಷೌರದ ಕುರ್ಚಿಯನ್ನು ಹೊತ್ತು ತಂದು ಎಸ್ತರ್ ಮನೆಯ ಮುಂದಿನ ಬೀದಿಯ ಬಾಯಲ್ಲಿ ಹಾಕಿದ. ಇವತ್ತು ಪುಕ್ಕಟೆ ಎಂದ. ಲಿಲಿಕ್ ಹಿಂದಿನ ದಿನವೇ ಪೊಲೀಸ್ ಚೌಕಿಗೆ ಲಿಖಿತವಾಗಿ ತಿಳಿಸಿದ್ದರು. ಒಬ್ಬ ಪೇದೆ ಬಂದು, ಅವನೂ ಸರದಿಯಲ್ಲಿ ಕೂತ. ಹದಿನಾಲ್ಕು ಜನ ಗಂಡಸರು, ಅರ್ಧ ಜನರ ಮುಖದಲ್ಲಿ ಸೋಪಿನ ನೊರೆ. ಒಳಗೆ ಪ್ರಾರ್ಥನೆಯ ಹಾಡು ಶುರುವಾಗಿತ್ತು.

ಬೈಕುಗಳು ಬಂದವು. ಮುಂದಿನವನು ಬ್ರೇಕ್ ಹಾಕಿದ. "ದಾರಿ ಬಿಡಿ. ಏನಿದು ಇಲ್ಲಿ?"

"ಕಟಿಂಗು," ಎಂದ ಕಸ್ನಾದಿ, ಕತ್ತಿಯನ್ನು ಚರ್ಮದ ಪಟ್ಟಿಗೆ ಉಜ್ಜುತ್ತ. "ಇಳೀರಿ, ಕೂತ್ಕೊಳ್ಳಿ. ನಿಮ್ಮದು ಹದಿನೈದನೇ ನಂಬರು."

ಸರದಿಯಲ್ಲಿದ್ದ ಮುದುಕನೊಬ್ಬ ಕಿಸಕ್ಕನೆ ನಕ್ಕ. ಪೇದೆ ಎದ್ದು ನಿಂತು ಬೈಕುಗಳ ನಂಬರು ಬರೆದುಕೊಳ್ಳತೊಡಗಿದ. ಬೈಕಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಸ್ವಲ್ಪ ಹೊತ್ತು ನಿಂತು, ಬಂದ ದಾರಿಯಲ್ಲೇ ಹೋದರು. ಆ ವಾರ ಒಳಗಿನ ಮಕ್ಕಳು ಅಳಲಿಲ್ಲ.

ಪರವಾನಗಿ ಇನ್ನೂ ಕೈಗೆ ಬಂದಿಲ್ಲ. ಬೈಕುಗಳು ಮತ್ತೆ ಬರಬಹುದು. ಕಸ್ನಾದಿ ಭಾನುವಾರದ ಕುರ್ಚಿಯನ್ನು ತೆಗೆದಿಲ್ಲ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಬೀರುವಿನಲ್ಲೂ ಜೆರಾಕ್ಸಿನ ಕಟ್ಟು ಇರುತ್ತದೆ. ಅದನ್ನು ಕೊಡುವಾಗ ಅದರ ಮೇಲೆಯೇ ಅಡ್ಡಲಾಗಿ ಬರೆಯಿರಿ, ಯಾವ ಕೆಲಸಕ್ಕೆ, ಯಾವ ದಿನ ಎಂದು. ತಲೆಬರಹ ಇಲ್ಲದ ಹಾಳೆಗೆ ಸಹಿ ಹಾಕಬೇಡಿ. ಹಿಂದೆ ನಿಂತವರು ಗೊಣಗಿದರೆ ಗೊಣಗಲಿ, ಕೇಳಿ, ಓದಿಸಿಕೊಳ್ಳಿ. ತಪ್ಪಿ ಹಾಕಿದ್ದರೆ ಅದನ್ನು ಬರೆದು ಹಿಂಪಡೆಯಬಹುದು, ನಾಚಿಕೆ ಬೇಡ. ಧರ್ಮದ ಹೆಸರಿನಲ್ಲಿ ಯಾರಾದರೂ ನಿಮ್ಮ ನೆರೆಯವರ ಬಾಗಿಲಿಗೆ ಬೀಗ ತಂದರೆ, ಇದು ಜನರ ತೀರ್ಮಾನ ಎಂದರೆ, ಆ ಜನರ ಪಟ್ಟಿಯಲ್ಲಿ ನಿಮ್ಮ ಹೆಸರಿದೆಯೇ ಎಂದು ಮೊದಲು ನೋಡಿ. ಇದ್ದರೆ ಅಲ್ಲಿಂದ ನೇರ ನೆರೆಯವರ ಮನೆಗೆ ಹೋಗಿ. ಅವರಾಗಿ ಬಂದು ಕೇಳಲಿ ಎಂದು ಕಾಯಬೇಡಿ. ಅವರಿಗೆ ಕೇಳಲು ನಿಮಗಿಂತ ಹೆಚ್ಚು ಭಯವಿರುತ್ತದೆ.